ಚುಚ್ಚಿದ ಕೈಗೆ ತಾರೀಕು ಬರೆಯೋಕೆ ಏನು ಕಷ್ಟ?

ಅಲ್ಲಾ, ಒಂದು ಮಾತು ಕೇಳ್ತೀನಿ. ಅಳುವ ಮಗುವಿನ ತೊಡೆ ಹಿಡಿದು ಸರಿಯಾದ ಜಾಗಕ್ಕೆ ಸೂಜಿ ಹಾಕೋಕೆ ಬರುತ್ತೆ. ಅದಾದ ಮೇಲೆ ಕಾರ್ಡಿನಲ್ಲಿ ದಿನ, ತಿಂಗಳು, ವರ್ಷ ಮೂರನ್ನೂ ಬಿಡಿಸಿ ಬರೆಯೋಕೆ ಮಾತ್ರ ಯಾಕೆ ಬರಲ್ಲ? ಒಂದು ಟಿಕ್, ಪಕ್ಕದಲ್ಲಿ ಗೀಚಿದ ಸಹಿ, ಕೆಲಸ ಮುಗೀತು. ಹತ್ತು ವರ್ಷ ಆದಮೇಲೆ ಆ ಟಿಕ್ಕಿಗೆ ಚಿಕ್ಕಾಸಿನ ಬೆಲೆ ಇಲ್ಲ. ಹಾಸನ, ಸಕಲೇಶಪುರ, ಅರಕಲಗೂಡು, ಅತ್ತ ಮೂಡಿಗೆರೆ, ಕೊಪ್ಪದಿಂದ ಅಮೆರಿಕದ ಗ್ರೀನ್ ಕಾರ್ಡಿಗೆ ಹೊರಟ ಮನೆಗಳು ಮೆಡಿಕಲ್, ಅಂದರೆ ವೀಸಾದ ವೈದ್ಯಕೀಯ ಪರೀಕ್ಷೆಯ ಹೊತ್ತಿಗೆ ಒದ್ದಾಡೋದು ಲಸಿಕೆ ಹಾಕಿಸಿಲ್ಲ ಅಂತಲ್ಲ. ಹಾಕಿಸಿದ್ದಕ್ಕೆ ಕಾಗದ ಇಲ್ಲ ಅಂತ.

ನಿಯಮ ಏನು ಅಂತ ಮೊದಲು ಹೇಳಿಬಿಡ್ತೀನಿ. ಅದನ್ನು ಮುಚ್ಚಿಟ್ಟೇ ಅರ್ಧ ಜನ ದುಡ್ಡು ಮಾಡ್ತಿದ್ದಾರೆ. ಖಾಯಂ ಆಗಿ ನೆಲೆಸೋಕೆ ಅಮೆರಿಕಕ್ಕೆ ಹೋಗುವವರು ಲಸಿಕೆಯ ದಾಖಲೆ ತೋರಿಸಬೇಕು ಅನ್ನೋದು 1996ರ ಕಾನೂನು. ಇದು ಇಮಿಗ್ರೆಂಟ್ ವೀಸಾಕ್ಕೆ ಮಾತ್ರ. ಮಗಳ ಬಾಣಂತನಕ್ಕೆ ಅಂತ ವಿಸಿಟರ್ ವೀಸಾದಲ್ಲಿ ಹೋಗುವ ಅಜ್ಜಿಗೆ ಬೇಡ. ಕೆಲಸದ ವೀಸಾ ಎಚ್-1ಬಿಗೂ ವಿದ್ಯಾರ್ಥಿ ವೀಸಾಕ್ಕೂ ವೀಸಾ ಹಂತದಲ್ಲಿ ಬೇಡ, ವಿದ್ಯಾರ್ಥಿಗಳಿಗೆ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ ಲಸಿಕೆ) ಕೇಳೋದು ಅಲ್ಲಿನ ಯೂನಿವರ್ಸಿಟಿ. ಕೆನಡಾದ ಇಮಿಗ್ರೇಷನ್ ಮೆಡಿಕಲ್ ಲಸಿಕೆ ಕೇಳೋದೇ ಇಲ್ಲ. ಇಷ್ಟನ್ನೂ ವಿಂಗಡಿಸಿ ಹೇಳದೆ, ಕನ್ಸಲ್ಟೆನ್ಸಿ ಅಂತ ಬೋರ್ಡು ಹಾಕಿಕೊಂಡವರು ಬಂದವರಿಗೆಲ್ಲ ಒಂದೇ ಪಟ್ಟಿ ಪ್ರಿಂಟ್ ಹಾಕಿ ಕೊಡ್ತಾರೆ. ಆ ಪಟ್ಟಿಯಲ್ಲಿ ಇವತ್ತಿಗೂ ಕೋವಿಡ್ ಲಸಿಕೆ ಇರುತ್ತೆ. 2021ರ ಅಕ್ಟೋಬರಿನಿಂದ ಕೇಳ್ತಿದ್ದರು, ನಿಜ. 2025ರಲ್ಲಿ ಕೈಬಿಟ್ಟರು. ಟೈಫಾಯ್ಡ್ ಇರುತ್ತೆ, ಅದು ಯಾವತ್ತೂ ಬೇಕಾಗಿರಲಿಲ್ಲ. ಎಚ್‌ಪಿವಿ (ಗರ್ಭಕಂಠದ ಕ್ಯಾನ್ಸರ್ ತಡೆಯೋ ಲಸಿಕೆ) ಇರುತ್ತೆ, ಅದನ್ನು ತೆಗೆದು 2009ಕ್ಕೇ ಆಯಿತು. ಬಡಪಾಯಿಗಳು ಸಾವಿರಗಟ್ಟಲೆ ಸುರಿದು ಎಲ್ಲವನ್ನೂ ಚುಚ್ಚಿಸಿಕೊಂಡು ಬರ್ತಾರೆ. ಆರೋಗ್ಯಕ್ಕೆ ಕೆಟ್ಟದ್ದಲ್ಲ, ಆದರೆ ವೀಸಾಕ್ಕೆ ಬೇಕೇ ಬೇಕು ಅಂತ ಹೆದರಿಸಿ ಹಾಕಿಸೋದು ಮೋಸ.

ಪರೀಕ್ಷೆ ಮಾಡೋದು ದೂತಾವಾಸ ನೇಮಿಸಿದ ಪ್ಯಾನಲ್ ಡಾಕ್ಟರು ಮಾತ್ರ. ಅವರು ನಮ್ಮ ಎರಡೂ ಜಿಲ್ಲೆಯಲ್ಲಿ ಇಲ್ಲ, ದೊಡ್ಡ ಊರಿಗೇ ಹೋಗಬೇಕು. ಆದರೆ ಲಸಿಕೆಯನ್ನು ಅವರ ಹತ್ತಿರವೇ ಹಾಕಿಸಬೇಕು ಅಂತ ಎಲ್ಲೂ ಇಲ್ಲ. ಹಾಸನದಲ್ಲೋ ಚಿಕ್ಕಮಗಳೂರಲ್ಲೋ ನಿಮ್ಮ ಡಾಕ್ಟರ ಹತ್ತಿರ ಹಾಕಿಸಿ, ಸರಿಯಾದ ದಾಖಲೆ ಒಯ್ದರೆ ಸಾಕು. ಪ್ಯಾನಲ್ ಡಾಕ್ಟರು ಅದನ್ನು ಡಿಎಸ್-3025 ಅನ್ನೋ ಲಸಿಕೆ ಫಾರಂಗೆ ಇಳಿಸ್ತಾರೆ. ಆ ಫಾರಮ್ಮಿನ ಒಂದೊಂದು ಕೋಣೆಗೂ ಬೇಕಾಗಿರೋದು ಪೂರ್ತಿ ತಾರೀಕು. "ಚಿಕ್ಕವನಿದ್ದಾಗ ಎಲ್ಲಾ ಹಾಕಿಸಿದ್ದೀವಿ ಡಾಕ್ಟ್ರೇ" ಅನ್ನೋ ಬಾಯಿಮಾತು ನಡೆಯಲ್ಲ. ಲೆಟರ್‌ಹೆಡ್ ಮೇಲೆ "ಈ ಮಗುವಿಗೆ ಎಲ್ಲ ಲಸಿಕೆಗಳನ್ನೂ ನೀಡಲಾಗಿದೆ" ಅಂತ ಒಂದು ಸಾಲು ಬರೆದು ಸೀಲ್ ಒತ್ತಿಕೊಡುವ ಡಾಕ್ಟರುಗಳಿದ್ದಾರಲ್ಲ, ಆ ಸರ್ಟಿಫಿಕೇಟು ರದ್ದಿ. ಯಾವ ಲಸಿಕೆ, ಯಾವತ್ತು, ಎಷ್ಟನೇ ಡೋಸು ಅಂತ ಇಲ್ಲದಿದ್ದರೆ ಸೀಲು ಎಷ್ಟು ದುಂಡಗಿದ್ದರೇನು? ಆ ಕಾಗದಕ್ಕೂ ದುಡ್ಡು ಇಸಕೊಳ್ತಾರೆ, ನಾಚಿಕೆ ಆಗಬೇಕು.

ಈಗ ನಮ್ಮ ಸರ್ಕಾರಿ ಲಸಿಕೆಗೂ ಅಮೆರಿಕದವರ ಪಟ್ಟಿಗೂ ಎಲ್ಲಿ ತಾಳೆ ಬೀಳಲ್ಲ ನೋಡಿ. ನಮ್ಮಲ್ಲಿ ದಡಾರ ಮತ್ತು ರುಬೆಲ್ಲಾದ ಎಂಆರ್ ಲಸಿಕೆ ಕೊಡೋದು ಒಂಬತ್ತು ತಿಂಗಳು ತುಂಬಿದಾಗ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು. ಅವರು ವರ್ಷ ತುಂಬುವ ಮೊದಲು ಕೊಟ್ಟ ದಡಾರದ ಡೋಸನ್ನು ಲೆಕ್ಕಕ್ಕೇ ತಗೊಳ್ಳಲ್ಲ. ತಾಯಿಯಿಂದ ಬಂದ ರಕ್ಷಣೆ ಮಗುವಿನ ರಕ್ತದಲ್ಲಿ ಇನ್ನೂ ಉಳಿದಿದ್ದರೆ ಲಸಿಕೆ ಸರಿಯಾಗಿ ಹತ್ತಲ್ಲ ಅನ್ನೋದು ಕಾರಣ. ನಮ್ಮಲ್ಲಿ ದಡಾರ ಚಿಕ್ಕ ಮಕ್ಕಳಿಗೇ ಬೇಗ ಬರುತ್ತೆ, ಅದಕ್ಕೆ ನಾವು ಬೇಗ ಕೊಡ್ತೀವಿ. ಇಬ್ಬರ ಲೆಕ್ಕವೂ ಅವರವರ ನೆಲದಲ್ಲಿ ಸರಿ. ಆದರೆ ಎಂಆರ್‌ನಲ್ಲಿ ಮಂಗನಬಾವಿನ ಲಸಿಕೆ ಇಲ್ಲವೇ ಇಲ್ಲ. ಹಾಗಾಗಿ ಸರ್ಕಾರದ ಲಸಿಕೆ ಒಂದೂ ತಪ್ಪಿಸದ ಮಗುವಿಗೂ ಎಂಎಂಆರ್ ಬೇರೆ ಹಾಕಿಸಲೇಬೇಕು. ಇದನ್ನು ಯಾರೂ ಮೊದಲೇ ಹೇಳಲ್ಲ. 2017ರ ಫೆಬ್ರುವರಿಯಲ್ಲಿ ಕರ್ನಾಟಕದ ಶಾಲೆಗಳಲ್ಲಿ ಹದಿನೈದರೊಳಗಿನ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಎಂಆರ್ ಕೊಟ್ಟರಲ್ಲ, ಆ ಮಕ್ಕಳೇ ಈಗ ವೀಸಾಕ್ಕೆ ಹೊರಟಿರೋದು. ಆಗ ಕೈಗೆ ಕೊಟ್ಟ ಚೀಟಿ ಎಷ್ಟು ಮನೆಯಲ್ಲಿ ಉಳಿದಿದೆ? ಶಾಲೆಯಲ್ಲಿ ಕೇಳಿದರೆ ಆಸ್ಪತ್ರೆ ಕಡೆ ಕೈ ತೋರಿಸ್ತಾರೆ, ಆಸ್ಪತ್ರೆಯಲ್ಲಿ ಕೇಳಿದರೆ ಶಾಲೆ ಕಡೆ.

ದೊಡ್ಡವರದ್ದು ಇನ್ನೊಂದು ಗೋಳು. ಗದ್ದೆಯಲ್ಲಿ ಕತ್ತಿ ತಾಗಿದರೆ, ತೋಟದಲ್ಲಿ ಮೊಳೆ ಚುಚ್ಚಿದರೆ ಟಿಟಿ ಹಾಕಿಸ್ತೀವಿ. ಅದರ ಚೀಟಿ ಹಿಡಿದು ಹೋದರೆ ಪ್ರಯೋಜನ ಇಲ್ಲ, ಯಾಕಂದರೆ ಬರೀ ಟಿಟಿ ಧನುರ್ವಾಯುವಿಗೆ ಮಾತ್ರ. ಅವರಿಗೆ ಗಂಟಲಮಾರಿಯದ್ದೂ ಬೇಕು, ನಾಯಿಕೆಮ್ಮಿನದ್ದೂ ಬೇಕು. ಮೂರೂ ಇರೋದು ಟಿಡ್ಯಾಪ್‌ನಲ್ಲಿ, ಬೂಸ್ಟ್ರಿಕ್ಸ್ ಅಥವಾ ಅಡಾಸೆಲ್ ಅಂತ ಸಿಗುತ್ತೆ. ಸಣ್ಣ ತಾಲ್ಲೂಕಿನ ಮೆಡಿಕಲ್ ಶಾಪಿನಲ್ಲಿ ಇಟ್ಟಿರಲ್ಲ, ಮೊದಲೇ ಹೇಳಿ ತರಿಸಬೇಕು. "ಎರಡೂ ಒಂದೇ" ಅಂತ ಟಿಟಿಯನ್ನೇ ಚುಚ್ಚಿ ಕಳಿಸುವವರ ಮಾತು ನಂಬಬೇಡಿ.

ಇನ್ನು ಅಮ್ಮ. ನಮ್ಮ ಕಡೆ ಸೀತಾಳೆ ಸಿಡುಬು ಎದ್ದರೆ ಯಾರು ಆಸ್ಪತ್ರೆಗೆ ಹೋಗ್ತಾರೆ? ಬೇವಿನ ಸೊಪ್ಪು ಹಾಸಿ ಮಲಗಿಸಿ, ಒಗ್ಗರಣೆ ನಿಲ್ಲಿಸಿ, ಇಳಿದ ಮೇಲೆ ತಲೆಗೆ ನೀರು ಹಾಕಿ, ಅಮ್ಮನಿಗೆ ಮೊಸರನ್ನ ಎಡೆ ಇಡ್ತೀವಿ. ಡಾಕ್ಟರ ಚೀಟಿ ಎಲ್ಲಿಂದ ಬರಬೇಕು? ಚಿಕ್ಕಂದಿನಲ್ಲಿ ಅಮ್ಮ ಆಗಿದ್ದವರು ಲಸಿಕೆಗೆ ಮೊದಲು ವೆರಿಸೆಲ್ಲಾ (ಅಮ್ಮಕ್ಕೆ ಡಾಕ್ಟರುಗಳ ಹೆಸರು) ಐಜಿಜಿ, ಅಂದರೆ ದೇಹದಲ್ಲಿ ರಕ್ಷಣೆ ಇದೆಯಾ ಅಂತ ನೋಡೋ ರಕ್ತಪರೀಕ್ಷೆ ಮಾಡಿಸಿ. ಪಾಸಿಟಿವ್ ಬಂದರೆ ಎರಡು ದುಬಾರಿ ಡೋಸು ಉಳಿಯುತ್ತೆ, ಆ ವರದಿಯೇ ದಾಖಲೆ. ದಡಾರ, ಮಂಗನಬಾವು, ರುಬೆಲ್ಲಾಕ್ಕೂ ಐಜಿಜಿ ನಡೆಯುತ್ತೆ. 1957ಕ್ಕಿಂತ ಮೊದಲು ಹುಟ್ಟಿದವರಿಗೆ ಎಂಎಂಆರ್ ಕೇಳೋದೇ ಇಲ್ಲ. ಆದರೂ ಎಪ್ಪತ್ತು ದಾಟಿದ ಅಜ್ಜ-ಅಜ್ಜಿಯರಿಗೆ ಅದನ್ನು ಹಾಕಿ ಕಳಿಸೋರನ್ನು ಏನನ್ನಬೇಕು? ಆ ವಯಸ್ಸಿನವರಿಗೆ ನಿಜವಾಗಿ ಬೇಕಾಗೋದು ನ್ಯುಮೋನಿಯಾ ತಡೆಯೋ ನ್ಯುಮೋಕಾಕಲ್ ಲಸಿಕೆ, ಅದನ್ನೇ ಮರೆತಿರ್ತಾರೆ.

ಲಿವರಿಗೆ ಬರುವ ಹೆಪಟೈಟಿಸ್ ಬಿ ವಿಷಯದಲ್ಲಿ ನಡೆಯೋ ಎಡವಟ್ಟು ನೋಡಿದರೆ ರಕ್ತ ಕುದಿಯುತ್ತೆ. ಹುಟ್ಟಿದ ಮಗುವಿನಿಂದ 59 ವರ್ಷದವರೆಗೆ ಇದು ಬೇಕು. ದೇಹದಲ್ಲಿ ರಕ್ಷಣೆ ಇದೆಯಾ ಅಂತ ನೋಡೋಕೆ ಇರೋದು ಆಂಟಿ-ಎಚ್‌ಬಿಎಸ್ ಪರೀಕ್ಷೆ, ಅದರಲ್ಲಿ 10 ಅಥವಾ ಅದಕ್ಕಿಂತ ಹೆಚ್ಚು ಬರಬೇಕು. ಲ್ಯಾಬಿನಲ್ಲಿ ಮಾಡಿಕೊಡೋದು ಎಚ್‌ಬಿಎಸ್‌ಎಜಿ. ಅದು ರೋಗ ಇದೆಯಾ ಇಲ್ಲವಾ ಅನ್ನೋ ಪರೀಕ್ಷೆ. ಆಪರೇಷನ್ನಿಗೆ ಮೊದಲು, ಬಸುರಿಯರಿಗೆ ದಿನಾ ಮಾಡೋದು ಅದೇ ಆದ್ದರಿಂದ ಕೈ ಅದರ ಮೇಲೇ ಹೋಗುತ್ತೆ. "ನೆಗೆಟಿವ್" ಅಂತ ಬಂದ ಆ ಕಾಗದ ಹಿಡಿದು ಖುಷಿಯಾಗಿ ಹೋದವರು ಅಲ್ಲಿ ಪೆಚ್ಚಾಗಿ ನಿಲ್ತಾರೆ. ರಕ್ತ ಕೊಡುವ ಮೊದಲು ಚೀಟಿಯಲ್ಲಿ ಆಂಟಿ-ಎಚ್‌ಬಿಎಸ್ ಅನ್ನೋ ಹೆಸರೇ ಇದೆಯಾ ಅಂತ ಕಣ್ಣಾರೆ ನೋಡಿ.

ಏಜೆಂಟರ ದೊಡ್ಡ ಸುಳ್ಳು ಇನ್ನೊಂದಿದೆ. "ಹೆಪಟೈಟಿಸ್ ಬಿ ಮೂರೂ ಡೋಸು ಮುಗಿಯದೆ ಮೆಡಿಕಲ್ ಆಗಲ್ಲ, ಆರು ತಿಂಗಳು ಕಾಯಬೇಕು" ಅಂತಾರೆ. ಈ ಮಾತಿಗೆ ಹೆದರಿ ಇಂಟರ್‌ವ್ಯೂ ಮುಂದೂಡಿದವರಿದ್ದಾರೆ. ಪರೀಕ್ಷೆಯ ದಿನಕ್ಕೆ ವಯಸ್ಸಿಗೆ ತಕ್ಕ ಒಂದೊಂದು ಲಸಿಕೆಯಲ್ಲೂ ಕೊಡಬಹುದಾದ ಡೋಸು ಆಗಿದ್ದರೆ ಸಾಕು. ಮುಂದಿನ ಡೋಸಿಗೆ ಇನ್ನೂ ಸಮಯ ಆಗಿಲ್ಲ ಅನ್ನೋದಕ್ಕೆ ಡಿಎಸ್-3025ರಲ್ಲೇ ಪ್ರತ್ಯೇಕ ಗುರುತು ಇದೆ, ಡಾಕ್ಟರು ಅದನ್ನು ಹಾಕ್ತಾರೆ, ಫೈಲು ಮುಂದೆ ಹೋಗುತ್ತೆ. ಗರ್ಭಿಣಿಗೆ ಎಂಎಂಆರ್, ವೆರಿಸೆಲ್ಲಾ ಕೊಡುವಂತಿಲ್ಲ, ಅದಕ್ಕೂ ಅಲ್ಲೇ ಗುರುತು ಇದೆ. ಮದುವೆಯಾಗಿ ಹೊರಡುವ ಹೆಣ್ಣುಮಕ್ಕಳು ಈ ಎರಡನ್ನು ಹಾಕಿಸಿಕೊಂಡ ಮೇಲೆ ಒಂದು ತಿಂಗಳು ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು ಅನ್ನೋದನ್ನಾದರೂ ಯಾರಾದರೂ ಬಾಯಿಬಿಟ್ಟು ಹೇಳ್ತಾರಾ? ಇಲ್ಲ.

ಎಂಎಂಆರ್, ವೆರಿಸೆಲ್ಲಾ ಎರಡೂ ಜೀವಂತ ಲಸಿಕೆ, ಅಂದರೆ ಶಕ್ತಿಗುಂದಿಸಿದ ಜೀವಂತ ವೈರಸ್ ಇರುವಂಥವು. ಒಂದೇ ದಿನ ಎರಡು ತೋಳಿಗೆ ಕೊಡಬೇಕು, ಇಲ್ಲವೇ ನಡುವೆ ಪೂರಾ 28 ದಿನ ಬಿಡಬೇಕು. "ಒಂದೇ ಸಲ ನಾಲ್ಕು ಇಂಜೆಕ್ಷನ್ನಾ, ಜ್ವರ ಬರುತ್ತೆ, ಮುಂದಿನ ವಾರ ಬನ್ನಿ" ಅಂತ ಎಂಎಂಆರ್ ಇವತ್ತು, ವೆರಿಸೆಲ್ಲಾ ಎಂಟು ದಿನ ಬಿಟ್ಟು ಕೊಟ್ಟರೆ ಆ ಎರಡನೆಯದು ಅನೂರ್ಜಿತ. ಮೊದಲನೆಯದಕ್ಕೆ ದೇಹ ಎಚ್ಚೆತ್ತು ಹೋರಾಡ್ತಿರುವಾಗ ಎರಡನೆಯದು ಊರಿಕೊಳ್ಳಲ್ಲ. ಮತ್ತೆ ಕಾಯಬೇಕು, ಮತ್ತೆ ದುಡ್ಡು ಕೊಡಬೇಕು. ಟಿಡ್ಯಾಪ್, ಹೆಪಟೈಟಿಸ್ ಬಿಗೆ ಈ ತಕರಾರಿಲ್ಲ, ಯಾವುದರ ಜೊತೆಗೂ ಕೊಡಬಹುದು. ಹಾಗಾಗಿ ದೊಡ್ಡವರಿಗೆ ಮೊದಲ ದಿನವೇ ನಾಲ್ಕೂ ಮುಗಿಸಿ, 28 ದಿನ ದಾಟಿದ ಮೇಲೆ ಎಂಎಂಆರ್, ವೆರಿಸೆಲ್ಲಾ, ಹೆಪಟೈಟಿಸ್ ಬಿ ಎರಡನೆಯದು. ಹದಿಮೂರರೊಳಗಿನ ಮಕ್ಕಳಿಗೆ ವೆರಿಸೆಲ್ಲಾ ಎರಡನೆಯದಕ್ಕೆ ಮೂರು ತಿಂಗಳ ಅಂತರ. 2ರಿಂದ 14 ವರ್ಷದ ಮಕ್ಕಳಿಗೆ ಮೆಡಿಕಲ್‌ನಲ್ಲಿ ಕ್ಷಯಕ್ಕೆ ಐಜಿಆರ್‌ಎ ರಕ್ತಪರೀಕ್ಷೆ ಇರುತ್ತೆ. ಮೆಡಿಕಲ್‌ಗೆ ಹತ್ತು ದಿನ ಮುಂಚೆ ಜೀವಂತ ಲಸಿಕೆ ಹಾಕಿಸಿದರೆ ಆ ಪರೀಕ್ಷೆಯ ಫಲಿತಾಂಶ ನಂಬೋಕಾಗಲ್ಲ. ಒಂದೋ ಅದೇ ದಿನ, ಇಲ್ಲವೇ ನಾಲ್ಕು ವಾರ ಮೊದಲು. ಫ್ಲೂ ಲಸಿಕೆ ಅವರ ಸೀಸನ್ನಿನಲ್ಲಿ, ಅಂದರೆ ಅಕ್ಟೋಬರಿನಿಂದ ಮಾರ್ಚಿನೊಳಗೆ ಹೋದರೆ ಕೇಳ್ತಾರೆ.

ಮೆಡಿಕಲ್ ರಿಪೋರ್ಟಿನ ಆಯುಸ್ಸು ಸಾಮಾನ್ಯವಾಗಿ ಆರು ತಿಂಗಳು, ಅದನ್ನು ಬೇಗ ಮಾಡಿಸಿದರೆ ನಷ್ಟ. ಲಸಿಕೆಗೆ ಆ ಗಡುವು ಇಲ್ಲ, ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ನಮ್ಮವರು ಮಾಡೋದು ತದ್ವಿರುದ್ಧ, ಇಂಟರ್‌ವ್ಯೂ ಲೆಟರ್ ಕೈಗೆ ಬಂದ ಮೇಲೆ ಕ್ಲಿನಿಕ್ಕಿಗೆ ಓಡ್ತಾರೆ. ಹಾಗೆ ಮಾಡಿ ಅಂತ ಹೇಳಿಕೊಡೋದೂ ಅದೇ ಏಜೆಂಟರು.

ಕೋಲ್ಡ್ ಚೈನ್ ಬಗ್ಗೆಯೂ ಒಂದು ಮಾತು. ಮೂಡಿಗೆರೆ, ಸಕಲೇಶಪುರದಲ್ಲಿ ಜುಲೈ ಮಳೆಗೆ ಮರ ಬಿದ್ದರೆ ಕರೆಂಟು ಎರಡು ದಿನ ಬರಲ್ಲ. ಲಸಿಕೆ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಬ್ಯಾಕಪ್ ಇಲ್ಲದ ಅಂಗಡಿಯಿಂದ ಪೇಪರಿನಲ್ಲಿ ಸುತ್ತಿ ಕೊಟ್ಟ ವಯಲ್ ತಗೋಬೇಡಿ. ಐಸಿಗೆ ತಾಗಿಸಿ ತರೋದೂ ತಪ್ಪು, ಟಿಡ್ಯಾಪ್ ಮತ್ತು ಹೆಪಟೈಟಿಸ್ ಬಿ ಒಮ್ಮೆ ಹೆಪ್ಪುಗಟ್ಟಿದರೆ ಕೆಟ್ಟಂತೆಯೇ.

ಮತ್ತೆ ಕಾರ್ಡಿನ ವಿಷಯಕ್ಕೇ ಬರ್ತೀನಿ, ಸಿಟ್ಟಿರೋದು ಅಲ್ಲೇ. ತಾಯಿ ಕಾರ್ಡು ಬರೆಯುವಾಗ ಮಗುವಿಗೆ ನಾಮಕರಣ ಆಗಿರಲ್ಲ. ತಾಯಿಯ ಹೆಸರು ಇರುತ್ತೆ, ಮಗುವಿನ ಜಾಗ ಖಾಲಿ, ಇಲ್ಲವೇ "ಹೆಣ್ಣು ಮಗು" ಅಂತ ಇರುತ್ತೆ. ಆಮೇಲೆ ಒಬ್ಬರೂ ತುಂಬಿಕೊಡಲ್ಲ. ತಾರೀಕು 5/11/18 ಅಂತ ಇರುತ್ತೆ. ಅಮೆರಿಕದವರು ಬರೆಯೋದು ತಿಂಗಳು ಮೊದಲು, ಅವರ ಕಣ್ಣಿಗೆ ಅದು ಮೇ 11. ಎರಡು ಡೋಸಿನ ನಡುವಿನ ಅಂತರವೇ ತಲೆಕೆಳಗು. ಮಲೆನಾಡಿನ ಮನೆಯಲ್ಲಿ ಕಬ್ಬಿಣದ ಟ್ರಂಕಿನಲ್ಲಿಟ್ಟ ಕಾರ್ಡು ಎರಡು ಮಳೆಗಾಲಕ್ಕೇ ಬೂಷ್ಟು ಹಿಡಿದು, ವಯಲಿನಿಂದ ಕಿತ್ತು ಅಂಟಿಸಿದ ಸ್ಟಿಕ್ಕರಿನ ಅಕ್ಷರ ಅಳಿಸಿ ಬರೀ ಬಿಳಿ ಚೌಕ ಉಳಿಯುತ್ತೆ. ಪಲ್ಸ್ ಪೋಲಿಯೋ ಬೂತಿನ ಹನಿಗಂತೂ ಬೆರಳಿನ ಶಾಯಿ ಬಿಟ್ಟರೆ ಬೇರೆ ಸಾಕ್ಷಿಯೇ ಇಲ್ಲ.

ಕಾರ್ಡು ಕಳೆದವರು ಏಜೆಂಟರ ಹತ್ತಿರ ಹೋಗಿ ಹಿಂದಿನ ತಾರೀಕು ಹಾಕಿಸಿ ಹೊಸ ಕಾರ್ಡು ಬರೆಸಬೇಡಿ. ಹುಟ್ಟುವ ಮುಂಚಿನ ತಾರೀಕು ಬಿದ್ದ ಕಾರ್ಡುಗಳು, ಐದು ವರ್ಷದ ಡೋಸೆಲ್ಲ ಒಂದೇ ಪೆನ್ನಿನ ಒಂದೇ ಶಾಯಿಯಲ್ಲಿರುವ ಕಾರ್ಡುಗಳು ಅಲ್ಲಿ ಕಣ್ಣಿಗೆ ರಾಚುತ್ತವೆ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರಕೊಂಡು ಉಪಕೇಂದ್ರಕ್ಕೆ ಹೋಗಿ. ಅಲ್ಲಿ ಲಸಿಕೆ ರಿಜಿಸ್ಟರ್ ಇರುತ್ತೆ, ತಾಯಿಯ ಹೆಸರು ಮತ್ತು ಹುಟ್ಟಿದ ತಾರೀಕಿನಲ್ಲಿ ಹುಡುಕಬೇಕು. "ಹಳೇ ಸಿಸ್ಟರ್ ವರ್ಗ ಆಗಿ ಹೋದ್ರು, ಬುಕ್ಕು ಸ್ಟೋರಲ್ಲಿದೆ, ತೆಗೆಯೋಕಾಗಲ್ಲ" ಅಂತಾರೆ. ಬಿಡಬೇಡಿ. ನಿಮ್ಮ ಮಗುವಿನ ದಾಖಲೆ ಕೇಳ್ತಿದ್ದೀರಿ, ಭಿಕ್ಷೆ ಅಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೀರಿ. ರಿಜಿಸ್ಟರಿನಿಂದ ಇಳಿಸಿದ ಪಟ್ಟಿಗೆ ಅವರ ಸಹಿ, ನೋಂದಣಿ ಸಂಖ್ಯೆ, ಸೀಲು ಇರಲಿ. ಮಗುವಿನ ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇಂಗ್ಲಿಷಿನಲ್ಲಿ, ತಿಂಗಳು ಅಂಕಿಯಲ್ಲಲ್ಲದೆ ಅಕ್ಷರದಲ್ಲಿ. ತಾಯಿಯ ಹೆಸರಿಗೂ ಮಗುವಿಗೂ ಕೊಂಡಿ ಜನನ ಪ್ರಮಾಣ ಪತ್ರ, ಅದನ್ನೂ ಜೊತೆಗಿಡಿ. ರಿಜಿಸ್ಟರೂ ಸಿಗದಿದ್ದರೆ ಅದರ ಹಿಂದೆ ತಿಂಗಳುಗಟ್ಟಲೆ ಅಲೆಯೋದಕ್ಕಿಂತ ಐಜಿಜಿ ಮಾಡಿಸಿ, ಇಲ್ಲದ್ದನ್ನು ಹೊಸದಾಗಿ ಹಾಕಿಸಿ. ಮೊದಲು ಹಾಕಿದ್ದರ ಮೇಲೆ ಇನ್ನೊಂದು ಎಂಎಂಆರ್ ಬಿದ್ದರೆ ತೊಂದರೆ ಏನೂ ಇಲ್ಲ.

ಇವತ್ತು ಲಸಿಕೆ ಹಾಕಿಸುವವರು ಕುರ್ಚಿಯಿಂದ ಏಳುವ ಮೊದಲೇ ಕಾರ್ಡು ಕೈಗೆ ತಗೊಂಡು ಓದಿ. ಲಸಿಕೆಯ ಹೆಸರು, ಪೂರ್ತಿ ತಾರೀಕು, ಸಹಿ, ಸೀಲು. ಒಂದು ಇಲ್ಲದಿದ್ದರೂ ವಾಪಸ್ ಕೊಟ್ಟು ಬರೆಸಿ, ಹಿಂದೆ ಇಪ್ಪತ್ತು ಜನ ಸಾಲಿನಲ್ಲಿ ಗೊಣಗಿದರೂ ಸರಿ. ಬರೆದಾದ ಮೇಲೆ ಅಲ್ಲೇ ಬೆಳಕಿಗೆ ಹಿಡಿದು ಫೋನಿನಲ್ಲಿ ಎರಡೂ ಬದಿ ಫೋಟೋ ತೆಗೆದಿಡಿ.