ಸ್ಪಷ್ಟನೆ: ಜಿಎಸ್ ಅಡ್ವೆಂಚರ್‌ಗೆ ಇಂಜಿನ್ ಬಲ ಜಾಸ್ತಿ ಇಲ್ಲ

ಬಿಎಂಡಬ್ಲ್ಯೂ ಕಂಪನಿಯ ಆರ್ 1250 ಜಿಎಸ್ ಮತ್ತು ಆರ್ 1250 ಜಿಎಸ್ ಅಡ್ವೆಂಚರ್ ಬೈಕ್‌ಗಳ ನಡುವೆ ಆಯ್ಕೆ ಮಾಡುವವರಿಗೆ ಒಂದು ಮಾತು ಪದೇ ಪದೇ ಕೇಳಿಸುತ್ತಿದೆ: 'ಅಡ್ವೆಂಚರ್‌ನ ಇಂಜಿನ್ ದೊಡ್ಡದು, ದೂರ ಹೋಗೋರಿಗೆ ಅದೇ ಸರಿ.' ಇದು ತಪ್ಪು. ಎರಡರಲ್ಲೂ ಇರುವುದು ಅದೇ 1254 ಸಿಸಿ ಬಾಕ್ಸರ್ ಇಂಜಿನ್ (ಎರಡು ಸಿಲಿಂಡರ್ ಎಡಕ್ಕೊಂದು ಬಲಕ್ಕೊಂದು ಚಾಚಿರುವಂಥದ್ದು). ಅದೇ 136 ಅಶ್ವಶಕ್ತಿ, ಅದೇ 143 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ). ಅಡ್ವೆಂಚರ್ ನೋಡೋಕೆ ದೈತ್ಯನಂತಿದೆ, ಅಷ್ಟೇ.

ನಿಜವಾದ ವ್ಯತ್ಯಾಸ ಟ್ಯಾಂಕಿನಲ್ಲಿದೆ. ಜಿಎಸ್‌ನಲ್ಲಿ 20 ಲೀಟರ್, ಅಡ್ವೆಂಚರ್‌ನಲ್ಲಿ 30. ಲೀಟರಿಗೆ 20 ಕಿ.ಮೀ. ಎಂದು ಹಿಡಿದರೆ 400 ಕಿ.ಮೀ. ಮತ್ತು 600 ಕಿ.ಮೀ. ಬಂಕ್ ಸಿಗದ ದಾರಿಯಲ್ಲಿ ಇದು ದೊಡ್ಡ ವಿಷಯವೇ. ಆದರೆ ಇನ್ನೂರು ಕಿಲೋಮೀಟರಿಗೊಮ್ಮೆ ನಾವೇ ಸುಸ್ತಾಗಿ ನಿಲ್ಲಿಸುತ್ತೇವೆ, ಅಲ್ವಾ?

ಇದಕ್ಕೆ ಬೆಲೆ ತೂಕದಲ್ಲಿ ತೆರಬೇಕು. ಪೆಟ್ರೋಲ್ ಸಮೇತ ಜಿಎಸ್ 249 ಕೆ.ಜಿ., ಅಡ್ವೆಂಚರ್ 268. 'ಹೆಚ್ಚಿನ ತೂಕವೆಲ್ಲ ಪೆಟ್ರೋಲಿನದ್ದೇ, ಅರ್ಧ ತುಂಬಿಸಿದರೆ ಎರಡೂ ಒಂದೇ' ಎನ್ನುವುದೂ ಸರಿಯಲ್ಲ. ಹತ್ತು ಲೀಟರ್ ಪೆಟ್ರೋಲ್ ಸುಮಾರು ಏಳೂವರೆ ಕೆ.ಜಿ. ಮಾತ್ರ. ಉಳಿದದ್ದು ದೊಡ್ಡ ಟ್ಯಾಂಕ್, ರಕ್ಷಣೆಯ ಕಂಬಿಗಳಂಥ ಸಾಮಾನಿನ ತೂಕ. ಅದು ಇಳಿಯುವುದಿಲ್ಲ.

ಅಡ್ವೆಂಚರ್‌ನ ಸಸ್ಪೆನ್ಷನ್ ಮುಂದಿನ ಚಕ್ರಕ್ಕೂ ಹಿಂದಿನದಕ್ಕೂ 20 ಮಿ.ಮೀ. ಜಾಸ್ತಿ ಮೇಲೆ ಕೆಳಗೆ ಆಡುತ್ತದೆ. ಹಾಗಾಗಿ ಸೀಟೂ ಎತ್ತರ: ಜಿಎಸ್‌ನದ್ದು 850–870 ಮಿ.ಮೀ., ಇದರದ್ದು 890–910. ನನ್ನ ಲೆಕ್ಕದಲ್ಲಿ ತೀರ್ಮಾನ ಆಗಬೇಕಾದ್ದು ಇಲ್ಲೇ. ಟ್ಯಾಂಕ್ ತುಂಬಿಸಿ, ಇಳಿಜಾರಿನಲ್ಲಿ ನಿಲ್ಲಿಸಿ, ಕಾಲೂರಿ ನೋಡಿ. ಖಾಲಿ ಟ್ಯಾಂಕಿನ ಗಾಡಿಯನ್ನು ಶೋರೂಮಿನ ಸಮತಟ್ಟು ನೆಲದಲ್ಲಿ ಸುಮ್ನೆ ಕೂತು ನೋಡಿದರೆ ಏನೂ ಗೊತ್ತಾಗುವುದಿಲ್ಲ.