ಒಂದು ತಟ್ಟೆ ಇಡ್ಲಿ, ನಲವತ್ತೆಂಟು ತ್ರಿಕೋನ

ಕಂಪ್ಯೂಟರ್ ಗ್ರಾಫಿಕ್ಸ್ ಕಲಿಸುವವರ ಕುಲದೇವತೆ ಒಂದು ಟೀಪಾಟ್. 1975ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿದ್ದ ಮಾರ್ಟಿನ್ ನ್ಯೂವೆಲ್ ತಮ್ಮ ಮನೆಯ ಚಹಾಪಾತ್ರೆಯನ್ನು ಗ್ರಾಫ್ ಹಾಳೆಯ ಮೇಲೆ ಬರೆದುಕೊಂಡು ಕಂಪ್ಯೂಟರಿಗೆ ಏರಿಸಿದರು. ಆವತ್ತಿನಿಂದ ಇವತ್ತಿನವರೆಗೆ ಹೊಸ ಬೆಳಕು, ಹೊಸ ನೆರಳು, ಹೊಸ ಬಣ್ಣ ಏನೇ ಬರಲಿ, ಮೊದಲ ನೈವೇದ್ಯ ಅದಕ್ಕೇ. ಆ ಮೊದಲ ಮಾದರಿಗೆ ತಳವೇ ಇರಲಿಲ್ಲ ಎಂಬುದು ಬೇರೆ ಮಾತು. ಲ್ಯಾಬಿನಲ್ಲಿ ಗ್ಲಟ್ ಎಂಬ ಸಿದ್ಧ ಕೋಡಿನ ಲೈಬ್ರರಿ ಹಾಕಿಕೊಂಡು ಒಂದು ಸಾಲು ಬರೆದರೆ ಟೀಪಾಟ್ ಸಿದ್ಧ. ರೆಕಾರ್ಡ್ ಪುಸ್ತಕಕ್ಕೆ ಚಿತ್ರ ಅಂಟಿಸಿದರೆ ವೈವಾ ಕೂಡ ಸಲೀಸು.

ತೊಂದರೆ ಇರುವುದು ಅಲ್ಲೇ. ತುಮಕೂರಿನ ಕಡೆ ಚಹಾ ಬರುವುದು ಫ್ಲಾಸ್ಕಿನಿಂದ ಗ್ಲಾಸಿಗೆ. ಟೀಪಾಟಿನ ಮೂತಿ ಎಷ್ಟು ಬಾಗಿರಬೇಕು, ಅದರ ಹೊಟ್ಟೆಯ ಮೇಲೆ ಬೆಳಕು ಎಲ್ಲಿ ಮಿಂಚಬೇಕು ಎಂದು ಇಲ್ಲಿನ ಹುಡುಗರ ಕಣ್ಣಿಗೆ ಗೊತ್ತಿಲ್ಲ. ಚಿತ್ರ ತಪ್ಪಾಗಿ ಬಂದರೂ ‘ಹಿಂಗೇ ಇರ್ತದೇನೋ’ ಅಂತ ಒಪ್ಪಿಕೊಂಡು ಮುಂದೆ ಹೋಗುತ್ತಾರೆ. ಅದೇ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಕೊಟ್ಟು ನೋಡಿ. ಅಗಲ ಎಷ್ಟು, ದಪ್ಪ ಎಷ್ಟು, ಅಂಚು ಎಲ್ಲಿ ತೆಳುವಾಗುತ್ತದೆ, ಮೇಲಿನ ತೂತುಗಳು ಹೇಗೆ ಹರಡಿಕೊಂಡಿರುತ್ತವೆ ಎಂಬುದನ್ನು ಯಾರೂ ಹೇಳಿಕೊಡಬೇಕಿಲ್ಲ. ಪರದೆಯ ಮೇಲೆ ಅದು ಒಂದಿಷ್ಟು ಎಡವಟ್ಟಾದರೂ ಕೊನೆಯ ಬೆಂಚಿನಿಂದ ‘ಇದು ಇಡ್ಲಿ ಅಲ್ಲ ಸಾರ್’ ಎಂಬ ತೀರ್ಪು ಬಂದುಬಿಡುತ್ತದೆ. ಗ್ರಾಫಿಕ್ಸ್‌ನಲ್ಲಿ ಅರ್ಧ ಕೆಲಸ ತಪ್ಪನ್ನು ಕಾಣುವುದು. ಆ ಕಣ್ಣು ಈ ಊರಿನಲ್ಲಿ ಬೆಳಗಿನ ತಿಂಡಿಯ ಜೊತೆಗೇ ತಯಾರಾಗಿರುತ್ತದೆ.

ಶುರು ಮಾಡುವುದು ಇಡ್ಲಿಯ ಮೇಲ್ಮೈಯಿಂದ. ಗ್ರಾಫಿಕ್ಸ್ ಕಾರ್ಡಿಗೆ ವೃತ್ತ ಗೊತ್ತಿಲ್ಲ, ತ್ರಿಕೋನ ಮಾತ್ರ ಗೊತ್ತು. ನಡುವೆ ಒಂದು ಬಿಂದು, ಸುತ್ತಲೂ 48 ಬಿಂದು, ಮೊದಲ ಬಿಂದುವನ್ನೇ ಕೊನೆಗೆ ಇನ್ನೊಮ್ಮೆ. ಒಟ್ಟು 50 ಬಿಂದು, 48 ತ್ರಿಕೋನ. ಕೊನೆಯದನ್ನು ಮರೆತರೆ ಯಾರೋ ಕಚ್ಚಿಟ್ಟ ಹಾಗೆ ಒಂದು ಚೂರು ಕಾಣೆಯಾಗುತ್ತದೆ. ಇದು ಎಲ್ಲರೂ ಊಹಿಸುವ ತಪ್ಪು, ನೋಡಿದ ಕೂಡಲೇ ಸರಿಯಾಗುತ್ತದೆ. ಇದಕ್ಕಿಂತ ಮಜವಾದದ್ದು ಭಾಗಾಕಾರ. 360ನ್ನು 48ರಿಂದ ಭಾಗಿಸಿದರೆ ಏಳೂವರೆ. ಎರಡನ್ನೂ ಪೂರ್ಣಾಂಕವಾಗಿ ಬರೆದರೆ ಸಿ ಭಾಷೆ ಆ ಅರ್ಧವನ್ನು ನುಂಗಿ 7 ಎನ್ನುತ್ತದೆ. ನಲವತ್ತೆಂಟೇಳು 336. ಉಳಿದ 24 ಡಿಗ್ರಿ ಖಾಲಿ. ಕಿತ್ತುಹೋದ ಚೂರು ಈಗ ದೊಡ್ಡದಾಯಿತು, ಬಿಂದುಗಳನ್ನು ಒಂದೊಂದಾಗಿ ಇಡುವ ಲೂಪು ಎಷ್ಟು ಸಲ ನೋಡಿದರೂ ಸರಿಯಾಗಿಯೇ ಇದೆ. ಇನ್ನು ಕೊಸೈನ್‌ಗೆ ಅದು ಕೇಳುವ ಕೋನದ ಅಳತೆಯಾದ ರೇಡಿಯನ್ ಬದಲು ಡಿಗ್ರಿ ಕೊಟ್ಟವರ ಇಡ್ಲಿಯಂತೂ ಅಡ್ಡಾದಿಡ್ಡಿ ಮುಳ್ಳು ಬಿಟ್ಟುಕೊಂಡು ನಿಲ್ಲುತ್ತದೆ.

ವೃತ್ತ ಸರಿಯಾದರೂ ಗುಂಡಗಿರುವುದಿಲ್ಲ. 1366×768ರ ಲ್ಯಾಪ್‌ಟಾಪ್ ಪರದೆ ಎತ್ತರಕ್ಕಿಂತ 1.78 ಪಟ್ಟು ಅಗಲ. ಕಾರ್ಡು ಮಾತ್ರ ಎರಡೂ ದಿಕ್ಕಿಗೆ ಮೈನಸ್ ಒಂದರಿಂದ ಪ್ಲಸ್ ಒಂದು ಎಂದೇ ಲೆಕ್ಕ ಹಾಕುತ್ತದೆ. ಆ ಅನುಪಾತದಿಂದ ಎಕ್ಸ್ ಬೆಲೆಯನ್ನು ಭಾಗಿಸದಿದ್ದರೆ ಇಡ್ಲಿ ಅಡ್ಡಡ್ಡ ಹಿಗ್ಗುತ್ತದೆ. ಟೀಪಾಟ್ ಹಿಗ್ಗಿದ್ದರೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ, ಅದು ಮೊದಲೇ ಡೊಳ್ಳು ಹೊಟ್ಟೆಯದು.

ಆಮೇಲೆ ಇಡ್ಲಿಯನ್ನು ನೆಲಕ್ಕೆ ಸಮನಾಗಿ ಮಲಗಿಸಬೇಕು. ಕಾಗದದ ಮೇಲೆ ಎಕ್ಸ್-ವೈಯಲ್ಲಿ ಬರೆದ ವೃತ್ತವನ್ನು ಎಕ್ಸ್-ಜೆಡ್‌ಗೆ ತಂದ ತಕ್ಷಣ ಅದು ಮಾಯ! ಕಾರಣ ತ್ರಿಕೋನದ ಬಿಂದುಗಳು ಸುತ್ತುವ ದಿಕ್ಕು. ಕಾರ್ಡಿಗೆ ಚಿತ್ರ ಬಿಡಿಸಲು ಹೇಳುವ ವ್ಯವಸ್ಥೆಯಾದ ಓಪನ್‌ಜಿಎಲ್‌ಗೆ ಗಡಿಯಾರದ ವಿರುದ್ಧ ಸುತ್ತುವ ತ್ರಿಕೋನವೇ ಮುಂಭಾಗ. ಎಕ್ಸ್‌ಗೆ ಕೊಸೈನ್, ಜೆಡ್‌ಗೆ ಸೈನ್ ಹಾಕಿ ಮೇಲಿನಿಂದ ನೋಡಿದರೆ ಅದೇ ಬಿಂದುಗಳು ಗಡಿಯಾರದ ದಿಕ್ಕಿಗೆ ಸುತ್ತುತ್ತವೆ. ಹಿಂಭಾಗವನ್ನು ಬಿಡಿಸಬೇಡ ಎಂದು ಮೊದಲೇ ಹೇಳಿಟ್ಟಿದ್ದರೆ ಮೇಲ್ಮೈ ಕಾಣುವುದೇ ಇಲ್ಲ, ಕ್ಯಾಮೆರಾ ಕೆಳಗೆ ಇಳಿಸಿದರೆ ತಟ್ಟೆಯ ಅಡಿಯಿಂದ ಕಾಣುತ್ತದೆ. ಸೈನ್‌ಗೆ ಮೈನಸ್ ಹಾಕಿದರೆ ಮುಗಿಯಿತು. ಈ ಹಂತದಲ್ಲಿ ಹಿನ್ನೆಲೆಯನ್ನು ಕಪ್ಪಿಗೆ ಬಿಡಲೇಬಾರದು. ಎದ್ದು ಹೊಡೆಯುವ ಮೆಜೆಂಟಾ ಹಾಕಿ. ಏನೂ ಬರೆದಿಲ್ಲವೋ, ಬರೆದದ್ದು ಕಪ್ಪಾಗಿ ಬಂದಿದೆಯೋ ಎಂಬುದು ಕಪ್ಪು ಹಿನ್ನೆಲೆಯಲ್ಲಿ ಬ್ರಹ್ಮನಿಗೂ ತಿಳಿಯದು.

ಜಾಣರು ಸುತ್ತಿ ಬಳಸುವುದು ಬಿಟ್ಟು ಒಂದು ಗೋಳ ತಂದು ಎತ್ತರವನ್ನು 0.2ಕ್ಕೆ ಚಪ್ಪಟೆ ಮಾಡುತ್ತಾರೆ. ಆಕಾರ ಬಂತು, ಬೆಳಕು ಕೆಟ್ಟಿತು. ಮೇಲಿನಿಂದ ದೀಪ ಹಾಕಿದರೂ ನಡುವೆ ಮಾತ್ರ ಬೆಳ್ಳಗೆ, ಉಳಿದದ್ದೆಲ್ಲ ಕಪ್ಪು. ಪ್ರತಿ ಬಿಂದುವಿನಲ್ಲೂ ಮೇಲ್ಮೈ ಯಾವ ಕಡೆ ಮುಖ ಮಾಡಿದೆ ಎಂದು ಹೇಳುವ ನಾರ್ಮಲ್ ಅನ್ನೂ ಜೊತೆಯಲ್ಲೇ ಚಪ್ಪಟೆ ಮಾಡಿದ್ದರ ಫಲ ಇದು. ಗೋಳದಲ್ಲಿ 45 ಡಿಗ್ರಿ ಮೇಲಕ್ಕೆ ನೋಡುತ್ತಿದ್ದ ನಾರ್ಮಲ್, ವೈ ಬೆಲೆಯನ್ನು 0.2ರಿಂದ ಗುಣಿಸಿದಾಗ 11 ಡಿಗ್ರಿಗೆ ಬಗ್ಗಿ ಪಕ್ಕಕ್ಕೆ ನೋಡುತ್ತದೆ. ನಿಜವಾಗಿ ವಸ್ತು ಚಪ್ಪಟೆಯಾದಷ್ಟೂ ನಾರ್ಮಲ್ ನೆಟ್ಟಗಾಗಬೇಕು. ಅಂದರೆ 0.2ರಿಂದ ಭಾಗಿಸಬೇಕು, ಆಗ 79 ಡಿಗ್ರಿ. ಮೇಲಿನ ದೀಪಕ್ಕೆ ಮೊದಲನೆಯದು ಶೇಕಡ 20ರಷ್ಟು ಬೆಳಗುತ್ತದೆ, ಎರಡನೆಯದು 98ರಷ್ಟು. ಈ ಲೆಕ್ಕದ ಗಣಿತದ ಹೆಸರನ್ನು ಇನ್ವರ್ಸ್ ಟ್ರಾನ್ಸ್‌ಪೋಸ್ ಎಂದು ಬೋರ್ಡಿನ ಮೇಲೆ ಬರೆದರೆ ಕಣ್ಣು ಮುಚ್ಚುವ ತರಗತಿ, ಇಡ್ಲಿಯ ಅಂಚು ಕಪ್ಪಗಾದಾಗ ನೆಟ್ಟಗೆ ಕೂರುತ್ತದೆ. ಅನುಮಾನ ಇದ್ದರೆ ನಾರ್ಮಲ್ ಅನ್ನು ಅರ್ಧ ಮಾಡಿ 0.5 ಕೂಡಿಸಿ ಬಣ್ಣವಾಗಿಯೇ ಬಿಡಿಸಿ ನೋಡಬಹುದು. ನೇರ ಮೇಲಕ್ಕೆ ನೋಡುವ ಭಾಗ ತಿಳಿ ಹಸಿರಾಗಿ ಬರಬೇಕು. ಬರದಿದ್ದರೆ ದೀಪದ ಲೆಕ್ಕವನ್ನು ಮುಟ್ಟುವ ಮೊದಲು ಅಲ್ಲಿಗೇ ಹೋಗಬೇಕು.

ಬಿಳಿ ಬಣ್ಣ ಎಲ್ಲಕ್ಕಿಂತ ಕಷ್ಟ. ಮೂರೂ ಬಣ್ಣಕ್ಕೆ ಪೂರ್ತಿ ಒಂದು ಕೊಟ್ಟರೆ ಬೆಳಕು ಬಿದ್ದ ಕಡೆಯೆಲ್ಲ ಸುಣ್ಣ. 0.9ರ ಆಸುಪಾಸಿನಲ್ಲಿಟ್ಟು ನೀಲಿಯನ್ನು ಸ್ವಲ್ಪ ತಗ್ಗಿಸಬೇಕು. ಪಠ್ಯದಲ್ಲಿರುವ ಫಾಂಗ್ ವಿಧಾನದ ಹೊಳಪನ್ನು ಹಾಗೇ ಸೇರಿಸಿದರೆ ಪ್ಲಾಸ್ಟಿಕ್ ಇಡ್ಲಿ. ನಿಜವಾದ ಇಡ್ಲಿಯೊಳಕ್ಕೆ ಬೆಳಕು ಒಂದಷ್ಟು ನುಗ್ಗಿ, ಒಳಗೇ ಚದುರಿ, ಬೇರೆ ಕಡೆ ಹೊರಬರುತ್ತದೆ. ಅದನ್ನು ಪೂರಾ ಲೆಕ್ಕ ಹಾಕಲು ಲ್ಯಾಬಿನ ಯಂತ್ರಗಳಿಗೆ ತಾಕತ್ತಿಲ್ಲ. ಅಗ್ಗದ ಉಪಾಯ ಒಂದಿದೆ: ನಾರ್ಮಲ್‌ಗೂ ದೀಪದ ದಿಕ್ಕಿಗೂ ಎಷ್ಟು ಹೊಂದಿಕೆ ಎಂದು ಹೇಳುವ ಡಾಟ್ ಪ್ರಾಡಕ್ಟಿಗೆ 0.5 ಕೂಡಿಸಿ 1.5ರಿಂದ ಭಾಗಿಸುವುದು. ನೆರಳಿನ ಗೆರೆ ಮೆತ್ತಗಾಗುತ್ತದೆ, ಇಡ್ಲಿಯೂ. ಕೊನೆಗೆ ಗಾಮಾ, ಅಂದರೆ ಕೊಟ್ಟ ಸಂಖ್ಯೆಗೂ ಹೊರಬರುವ ಬೆಳಕಿಗೂ ಇರುವ ನಂಟು. ಪರದೆಗೆ 255ರಲ್ಲಿ 128 ಕೊಟ್ಟರೆ ಹೊರಬರುವ ಬೆಳಕು ಅರ್ಧವಲ್ಲ, ಶೇಕಡ 22ರಷ್ಟು. ಅರ್ಧ ಬೆಳಕು ಬೇಕಾದರೆ 188 ಕೊಡಬೇಕು. ಇದನ್ನು ಬಿಟ್ಟವರ ಇಡ್ಲಿ ರಾಗಿ ಬೆರೆಸಿದ್ದು ಎನಿಸಿಕೊಳ್ಳುತ್ತದೆ.

ತೂತುಗಳಿಗೆ 1996ರಲ್ಲಿ ಸ್ಟೀವನ್ ವರ್ಲಿ ಕೊಟ್ಟ ವಿಧಾನ ಹೇಳಿ ಮಾಡಿಸಿದಂತಿದೆ. ಮೇಲ್ಮೈಯನ್ನು ಚೌಕಗಳಾಗಿ ಹಂಚಿ, ಒಂದೊಂದರಲ್ಲೂ ಮನಸ್ಸಿಗೆ ಬಂದ ಕಡೆ ಒಂದು ಚುಕ್ಕಿ ಇಟ್ಟು, ಪ್ರತಿ ಪಿಕ್ಸೆಲ್‌ನಿಂದ ಹತ್ತಿರದ ಚುಕ್ಕಿಗೆ ಇರುವ ದೂರ ಅಳೆಯುವುದು. ದೂರ ಕಡಿಮೆ ಇದ್ದಲ್ಲಿ ಗುಂಡಿ. ತನ್ನ ಚೌಕವೊಂದನ್ನೇ ನೋಡಿದರೆ ಸಾಲದು, ಹತ್ತಿರದ ಚುಕ್ಕಿ ಪಕ್ಕದ ಚೌಕದಲ್ಲೂ ಇರಬಹುದು. ಸುತ್ತಲಿನ ಎಂಟೂ ಸೇರಿ ಒಂಬತ್ತನ್ನು ನೋಡದಿದ್ದರೆ ಇಡ್ಲಿಯ ಮೇಲೆ ಚಾಕುವಿನಿಂದ ಗೀರಿದ ನೇರ ಗೆರೆಗಳು. ಎಲ್ಲ ಸರಿಯಾದ ಮೇಲೆ ಬ್ರೌಸರಿನಲ್ಲಿ ವೆಬ್‌ಜಿಎಲ್‌ಗೆ ಹಾಕಿ ಅಮ್ಮನಿಗೆ ತೋರಿಸೋಣವೆಂದು ಮೊಬೈಲ್ ತೆಗೆದರೆ ತೂತೆಲ್ಲ ಕಲಸಿಹೋಗಿ ಪಟ್ಟೆ ಪಟ್ಟೆ. ಪಿಕ್ಸೆಲ್ಲಿನ ಬಣ್ಣ ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಂ ಆದ ಶೇಡರಿನಲ್ಲಿ, ಮಧ್ಯಮ ನಿಖರತೆ ಸಾಕೆನ್ನುವ ಮೀಡಿಯಂಪಿ ಎಂದು ಬರೆದರೆ ಲ್ಯಾಪ್‌ಟಾಪ್ ಸಾಮಾನ್ಯವಾಗಿ ಅದನ್ನು ಲೆಕ್ಕಕ್ಕಿಡದೆ 32 ಬಿಟ್ಟಿನಲ್ಲೇ ಕೆಲಸ ಮಾಡುತ್ತದೆ, ಎಷ್ಟೋ ಫೋನುಗಳು ಮಾತನ್ನು ಅಕ್ಷರಶಃ ಕೇಳಿ 16 ಬಿಟ್ಟಿಗೆ ಇಳಿಯುತ್ತವೆ. ಚುಕ್ಕಿಯ ಜಾಗ ಆರಿಸಲು ಸೈನ್ ಬೆಲೆಯನ್ನು ನಲವತ್ತು ಸಾವಿರದ ಮೇಲಿನ ಸಂಖ್ಯೆಯಿಂದ ಗುಣಿಸಿ ದಶಮಾಂಶದ ಬಾಲ ಕತ್ತರಿಸಿಕೊಳ್ಳುವ ಪ್ರಸಿದ್ಧ ಸಾಲಿಗೆ ಅಷ್ಟು ಬಿಟ್ಟು ಸಾಲುವುದಿಲ್ಲ. ಹೆಚ್ಚು ನಿಖರತೆಯ ಹೈಪಿ ಎಂದು ಬದಲಿಸಬೇಕು.

ಬೆಣ್ಣೆ ಹಾಕದೆ ಬಿಡುವವರು ಯಾರು? ಬೆಣ್ಣೆಯ ತಳವನ್ನೂ ಇಡ್ಲಿಯ ಮೇಲ್ಮೈಯನ್ನೂ ಒಂದೇ ಎತ್ತರಕ್ಕೆ ಇಟ್ಟರೆ ಕ್ಯಾಮೆರಾ ಅಲುಗಿದಾಗೆಲ್ಲ ಎರಡೂ ಮಿಣಮಿಣ ಮಿನುಗುತ್ತವೆ. ಒಂದು ಕೂದಲೆಳೆಯಷ್ಟು ಎತ್ತಿಟ್ಟರೂ ಮಿನುಗು ನಿಲ್ಲದಿದ್ದರೆ ಕ್ಯಾಮೆರಾದ ನಿಯರ್ ಪ್ಲೇನ್ ನೋಡಿ, ಅದಕ್ಕಿಂತ ಹತ್ತಿರದ್ದು ಕಾಣದ ಗಡಿ ಅದು. ಯಾವುದೂ ಕತ್ತರಿಸಿಹೋಗದಿರಲಿ ಎಂದು 0.001 ಮೀಟರ್ ಇಟ್ಟಿರುತ್ತಾರೆ. ಆಗ ಯಾವುದು ಮುಂದೆ ಎಂದು ತೀರ್ಮಾನಿಸುವ ಆಳದ ಬೆಲೆಗಳಲ್ಲಿ ಅರ್ಧದಷ್ಟು ಮೊದಲ ಎರಡು ಮಿಲಿಮೀಟರಿಗೇ ಖರ್ಚು. ಅದನ್ನು 0.1ಕ್ಕೆ ತಂದರೆ ನೆಮ್ಮದಿ. ದೂರದ ಗಡಿಯಾದ ಫಾರ್ ಪ್ಲೇನನ್ನು ಎಷ್ಟು ಎಳೆದಾಡಿದರೂ ಅಷ್ಟು ಲಾಭವಿಲ್ಲ. ಹಬೆಗೆ ಬೇರೆ ಶಿಸ್ತು. ಮೊದಲು ತಟ್ಟೆ, ಇಡ್ಲಿ, ಬೆಣ್ಣೆ. ಆಮೇಲೆ ಹಬೆಯ ಹಾಳೆಗಳು, ದೂರದ್ದು ಮುಂಚೆ, ಹತ್ತಿರದ್ದು ಕೊನೆಗೆ. ಆಳದ ಪರೀಕ್ಷೆ ಇರಲಿ, ಆಳ ಬರೆಯುವುದು ಬೇಡ. ಬರೆಯಲು ಬಿಟ್ಟರೆ ಮುಂದಿನ ಹಾಳೆಯ ಪಾರದರ್ಶಕ ಮೂಲೆಯೂ ಹಿಂದಿನದನ್ನು ಚೌಕಾಕಾರವಾಗಿ ಕತ್ತರಿಸಿಹಾಕುತ್ತದೆ.

ಇಷ್ಟೆಲ್ಲ ಜಗಳವನ್ನು ಗ್ರಾಫಿಕ್ಸ್ ಆಸಕ್ತರು ಕೂಟ ಸೇರಿ ಆಡಲು ಭಾನುವಾರವೇ ಸರಿ. ಬೆಂಗಳೂರು ಎಪ್ಪತ್ತು ಕಿಲೋಮೀಟರ್ ದೂರ. ಕೋಡ್ ಬರೆಯುವವರಲ್ಲಿ ಅನೇಕರು ವಾರವಿಡೀ ಬೆಳಗಿನ ರೈಲು ಹತ್ತಿ ರಾತ್ರಿ ಇಳಿಯುವವರು. ಕೂಟ ಸೇರಿದಾಗ ಅವರ ಜೊತೆ ಕಾಲೇಜು ಹುಡುಗರು, ಪಾಲಿಟೆಕ್ನಿಕ್ ಮೇಷ್ಟ್ರುಗಳು, ಆಟೋಕ್ಯಾಡ್ ಬಲ್ಲ ಸಿವಿಲ್ ಎಂಜಿನಿಯರುಗಳು, ಫ್ಲೆಕ್ಸ್ ಅಂಗಡಿಯ ಡಿಸೈನರುಗಳು. ಗಾಮಾ ತಪ್ಪನ್ನು ಮೊದಲು ಹಿಡಿಯುವವರು ಈ ಫ್ಲೆಕ್ಸಿನವರೇ. ಪರದೆಯ ಬಣ್ಣ ಮುದ್ರಣಕ್ಕೆ ಹೋದಾಗ ಏನಾಗುತ್ತದೆಂದು ಗಿರಾಕಿಗಳ ಬಾಯಿಂದ ಕೇಳಿ ಕೇಳಿ ಅವರ ಕಣ್ಣು ಹರಿತವಾಗಿರುತ್ತದೆ.

ಇಂಥ ಕೂಟಕ್ಕೆ ಬೇಕಾದ ಸಾಮಾನು ಕಡಿಮೆ. ಎರಡು ಎಕ್ಸ್‌ಟೆನ್ಷನ್ ಬೋರ್ಡು, ಹಳೆ ಪ್ರೊಜೆಕ್ಟರಿಗೆ ಎಚ್‌ಡಿಎಂಐನಿಂದ ವಿಜಿಎಗೆ ಹೋಗುವ ಅಡಾಪ್ಟರು, ಲೈಬ್ರರಿಗಳನ್ನೆಲ್ಲ ತುಂಬಿಟ್ಟ ಪೆನ್‌ಡ್ರೈವು. ಹತ್ತು ಜನ ಒಂದೇ ಫೋನಿನ ಹಾಟ್‌ಸ್ಪಾಟಿನಿಂದ ಡೌನ್‌ಲೋಡ್ ಮಾಡಲು ಕೂತರೆ ಮಧ್ಯಾಹ್ನ ಅಲ್ಲಿಗೇ ಮುಗಿಯಿತು. ಪ್ರೊಜೆಕ್ಟರು 1024×768ರದ್ದಾದರೆ ಅನುಪಾತ ಬದಲಾಗುತ್ತದೆ. ವಿಂಡೋ ಅಳತೆ ಬದಲಾದಾಗ ಚಿತ್ರ ಬಿಡಿಸುವ ಜಾಗವಾದ ವ್ಯೂಪೋರ್ಟ್ ಬದಲಿಸದವರ ಇಡ್ಲಿ ಎಲ್ಲರೆದುರಿಗೆ ಮೂಲೆ ಸೇರುತ್ತದೆ. ಕಡುಬೂದು ಹಿನ್ನೆಲೆಯ ನಾಜೂಕು ನೆರಳುಗಳು ಗೋಡೆಯ ಮೇಲೆ ಕಾಣುವುದಿಲ್ಲ, ತೋರಿಸುವ ದಿನ ದೀಪ ಜಾಸ್ತಿ ಮಾಡಿಕೊಂಡು ಬರಬೇಕು. ನಮ್ಮ ಅಭಿಪ್ರಾಯದಲ್ಲಿ ಮುಗಿದ ಕೆಲಸ ತೋರಿಸುವವರಿಗಿಂತ ಮುರಿದದ್ದನ್ನು ತರುವವರಿಗೆ ಮೊದಲ ಸರದಿ ಕೊಡಬೇಕು. ಮುಗಿದದ್ದಕ್ಕೆ ಚಪ್ಪಾಳೆ ಸಿಗುತ್ತದೆ, ಮುರಿದದ್ದಕ್ಕೆ ಎಂಟು ಜನ ಲ್ಯಾಪ್‌ಟಾಪ್ ಸುತ್ತ ಬಗ್ಗುತ್ತಾರೆ. ಒಂದು ಫ್ರೇಮನ್ನು ಹಿಡಿದು ಒಂದೊಂದೇ ಹಂತವಾಗಿ ಬಿಚ್ಚಿ ತೋರಿಸುವ ರೆಂಡರ್‌ಡಾಕ್ ಎಂಬ ಉಚಿತ ಸಾಧನವನ್ನು ಬಹುಪಾಲು ಜನ ಕಲಿಯುವುದು ಹೀಗೆ ಬಗ್ಗಿದಾಗಲೇ.

ಇಡ್ಲಿ ಮುಗಿಸಿದವರು ಬೆಟ್ಟಕ್ಕೆ ಹೋಗುತ್ತಾರೆ. ದೇವರಾಯನದುರ್ಗದ ಏರಿಳಿತ 2000ನೇ ಇಸವಿಯ ಬಾಹ್ಯಾಕಾಶ ನೌಕೆಯ ರೇಡಾರ್ ಮಾಪನದಲ್ಲಿ ಸಿಗುತ್ತದೆ, ಸುಮಾರು 30 ಮೀಟರಿಗೊಂದು ಎತ್ತರ. 13 ಉತ್ತರ, 77 ಪೂರ್ವದ ಕಡತ ತೆರೆದರೆ ಬೆಟ್ಟದ ಬದಲು ಮುಳ್ಳುಕಂಟಿ. ಎರಡು ಬೈಟುಗಳಲ್ಲಿ ದೊಡ್ಡದು ಮೊದಲು ಬರುವ ಕಡತ ಅದು, ನಮ್ಮ ಯಂತ್ರಗಳು ಓದುವುದು ಚಿಕ್ಕದು ಮೊದಲೆಂದು. 1000 ಮೀಟರ್ ಎತ್ತರ ಆಗ ಮೈನಸ್ 6141 ಆಗುತ್ತದೆ. ಬೈಟು ಅದಲುಬದಲು ಮಾಡಿದ ಮೇಲೂ 300×300 ಬಿಂದುಗಳ ಜಾಲ ಹಾಕಿದರೆ ಗೆರೆಗಳು ಬೆಟ್ಟದಿಂದ ಬೆಟ್ಟಕ್ಕೆ ಹಾರುತ್ತವೆ. ಬಿಂದುಗಳಿಗೆ ಕೊಡುವ ಕ್ರಮಸಂಖ್ಯೆಯಾದ 16 ಬಿಟ್ಟಿನ ಇಂಡೆಕ್ಸಿಗೆ 65,536ರ ಮೇಲೆ ಎಣಿಸಲು ಬಾರದು. 256×256ಕ್ಕೆ ನಿಲ್ಲಿಸಿದರೆ ಬದಿಗೆ ಏಳೂವರೆ ಕಿಲೋಮೀಟರಿನಷ್ಟು ನೆಲ ಸಿಗುತ್ತದೆ.

ಚಿತ್ರದ ಮೇಲೆ ಹೆಸರು ಕನ್ನಡದಲ್ಲೇ ಬರೆಯಬೇಕೆಂಬ ಹಟ ಎಲ್ಲರಿಗೂ. ಗ್ಲಟ್‌ನ ಅಕ್ಷರಗಳು ಇಂಗ್ಲಿಷಿನವು ಮಾತ್ರ. ಫಾಂಟಿನಿಂದ ಒಂದೊಂದೇ ಅಕ್ಷರ ತೆಗೆದು ಪಕ್ಕಪಕ್ಕ ಇಟ್ಟರೆ ‘ತಟ್ಟೆ’ಯಲ್ಲಿರುವ ಐದು ಯೂನಿಕೋಡ್ ಸಂಕೇತಗಳು ಐದು ತುಂಡಾಗಿ ನಿಲ್ಲುತ್ತವೆ, ಒತ್ತು ಕೆಳಗಿಳಿಯುವುದಿಲ್ಲ. ಜೋಡಿಸುವ ಕೆಲಸ ಹಾರ್ಫ್‌ಬಜ್ ಎಂಬ ಲೈಬ್ರರಿಯದು, ಗೆರೆ ತುಂಬುವುದು ಫ್ರೀಟೈಪ್‌ನದು. ಬ್ರೌಸರಿನಲ್ಲಾದರೆ ಅಷ್ಟು ಪಾಡಿಲ್ಲ. ಟೂಡಿ ಕ್ಯಾನ್ವಾಸಿನ ಮೇಲೆ ಬರೆಸಿ ಅದನ್ನೇ ಮೇಲ್ಮೈಗೆ ಅಂಟಿಸುವ ಚಿತ್ರವಾಗಿ, ಅಂದರೆ ಟೆಕ್ಸ್ಚರಾಗಿ, ಏರಿಸಿದರಾಯಿತು. ತಲೆಕೆಳಗಾಗಿ ಬಂದರೆ ವೈ ತಿರುಗಿಸುವ ಆಯ್ಕೆ ಹಾಕಬೇಕು. ಮೊದಲ ವೆಬ್‌ಜಿಎಲ್‌ನಲ್ಲಿ ಪೂರ್ತಿ ಕಪ್ಪಾಗಿ ಬಂದರೆ ಕ್ಯಾನ್ವಾಸಿನ ಅಳತೆಯನ್ನು 256, 512ರಂಥ ಎರಡರ ಘಾತಕ್ಕೆ ತರಬೇಕು, ಇಲ್ಲವೇ ಅದರ ಚಿಕ್ಕ ಚಿಕ್ಕ ಪ್ರತಿಗಳಾದ ಮಿಪ್‌ಮ್ಯಾಪ್ ಬಿಟ್ಟು ಅಂಚುಗಳನ್ನು ಕ್ಲ್ಯಾಂಪ್ ಮಾಡಬೇಕು.

ಈಚೆಗೆ ಒಂದು ಪಂಗಡ ತ್ರಿಕೋನವೇ ಬೇಡ ಎನ್ನುತ್ತಿದೆ. ಪರದೆ ಮುಚ್ಚುವ ಎರಡು ತ್ರಿಕೋನ ಸಾಕು, ಇಡ್ಲಿಯನ್ನು ಅದರ ಮೇಲ್ಮೈ ಎಷ್ಟು ದೂರ ಎಂದು ಹೇಳುವ ಒಂದು ಸೂತ್ರವಾಗಿ ಶೇಡರಿನಲ್ಲೇ ಬರೆದು ಪ್ರತಿ ಪಿಕ್ಸೆಲ್‌ನಿಂದ ಕಿರಣ ನಡೆಸಿದರಾಯಿತು ಎಂದು ಅವರ ವಾದ. ಅಂಚು ನುಣುಪಾಗಿ ಬರುತ್ತದೆ, ಬೆಣ್ಣೆ ಇಡ್ಲಿಗೆ ಕರಗಿ ಸೇರುವುದನ್ನು ಎರಡು ಸೂತ್ರ ಬೆಸೆದು ತೋರಿಸಬಹುದು, ಅದು ತ್ರಿಕೋನದವರಿಗೆ ಸುಲಭಕ್ಕೆ ಆಗುವ ಕೆಲಸವಲ್ಲ. ಆದರೆ 1920×1080ರ ಪರದೆಯಲ್ಲಿ 20,73,600 ಪಿಕ್ಸೆಲ್, ಸೆಕೆಂಡಿಗೆ 60 ಸಲ ಅಂದರೆ ಹನ್ನೆರಡು ಕೋಟಿ ಮೀರಿದ ಕಿರಣ, ಒಂದೊಂದಕ್ಕೂ ಹತ್ತಾರು ಹೆಜ್ಜೆ, ತೂತಿಗಾಗಿ ಹೆಜ್ಜೆಗೆ ಒಂಬತ್ತು ಚೌಕ. ಹಳೆಯ ಇಂಟೆಲ್ ಲ್ಯಾಪ್‌ಟಾಪು ಬಿಸಿಯಾಗಿ ಫ್ಯಾನು ಕೂಗಲು ಶುರುಮಾಡುತ್ತದೆ, ಚಿತ್ರ ಕುಂಟುತ್ತದೆ. ಕ್ಯಾನ್ವಾಸಿನ ಅಗಲ ಎತ್ತರ ಎರಡನ್ನೂ ಅರ್ಧ ಮಾಡಿದರೆ ಕೆಲಸ ಕಾಲು ಭಾಗಕ್ಕೆ ಇಳಿಯುತ್ತದೆ. ಅದನ್ನಾದರೂ ಮಾಡಿ, ಚಾರ್ಜರ್ ಮರೆಯದೆ ತನ್ನಿ.