ಆಂಬುಲೆನ್ಸ್ ಬಂದಿತ್ತು, ದೆವ್ವ ಬರಲಿಲ್ಲ

ದಾವಣಗೆರೆಯಲ್ಲಿ ಎರಡು ವೈದ್ಯಕೀಯ ಕಾಲೇಜುಗಳಿವೆ. ನರ್ಸಿಂಗ್ ಹೋಮ್‌ಗಳ ಲೆಕ್ಕ ಹಿಡಿಯಲು ಹೋದವರು ಅರ್ಧಕ್ಕೇ ಕೈಬಿಡುತ್ತಾರೆ. ಇಷ್ಟೆಲ್ಲ ಇದ್ದೂ ನಡುರಾತ್ರಿ ಮನೆಯ ಹಿರಿಯರಿಗೆ ಎದೆನೋವು ಬಂದರೆ ನಾವು ಮೊದಲು ಬಡಿಯುವುದು ಆಟೋ ಇಟ್ಟುಕೊಂಡಿರುವ ಪಕ್ಕದ ಮನೆಯವರ ಬಾಗಿಲನ್ನು. ಅಂಥ ಊರಿನಲ್ಲಿ ದೆವ್ವದ ಚಿತ್ರವೊಂದು ಬಿಡುಗಡೆಯಾದ ಶುಕ್ರವಾರ ಬೆಳಗಿನ ಆಟಕ್ಕೂ ಮೊದಲೇ ಆಂಬುಲೆನ್ಸ್ ಒಂದು ಟಾಕೀಸಿನ ಎದುರು ಬಂದು, ದೀಪ ತಿರುಗಿಸುತ್ತಾ, ಯಾರಾದರೂ ಹೆದರಿ ಬೀಳಲಿ ಎಂದು ಭಕ್ತಿಯಿಂದ ಕಾಯುತ್ತಿತ್ತು. ಆರೋಗ್ಯ ಸೇವೆ ಜನರ ಮನೆ ಬಾಗಿಲಿಗೆ ಬರುತ್ತದೆ ಎಂದು ವರ್ಷಗಳಿಂದ ಭಾಷಣ ಕೇಳಿದ್ದೆವು. ಟಾಕೀಸಿನ ಬಾಗಿಲಿಗಾದರೂ ಬಂತಲ್ಲ.

ಚಿತ್ರದ ಹೆಸರನ್ನು ನಾನು ಹೇಳಬೇಕಾಗಿಲ್ಲ. ಪಿ.ಬಿ. ರಸ್ತೆಯ ಕಂಬ ಕಂಬದಲ್ಲೂ ಆ ಹೆಂಗಸು ಕೂದಲು ಬಿಟ್ಟುಕೊಂಡು ನೇತಾಡುತ್ತಿದ್ದಾಳೆ. ಕೆಳಗೆ ‘ದುರ್ಬಲ ಹೃದಯದವರು ದಯವಿಟ್ಟು ಬರಬೇಡಿ’ ಎಂಬ ಮನವಿ. ಪ್ರೇಕ್ಷಕರನ್ನು ಬರಬೇಡಿ ಎಂದು ಕೈಮುಗಿದು ಕೇಳಿಕೊಳ್ಳುವ ಈ ಸೌಜನ್ಯ ನನಗೆ ಬಹಳ ಹಿಡಿಸಿತು. ಉಳಿದ ಚಿತ್ರಗಳಿಗೆ ಯಾರೂ ಕೇಳಿಕೊಳ್ಳದೆಯೇ ಜನ ಬರುತ್ತಿಲ್ಲ, ಅದು ಬೇರೆ ಮಾತು.

ಆಟ ಬಿಟ್ಟೊಡನೆ ಮೈಕ್ ಹಿಡಿದ ಹುಡುಗರು ಗೇಟಿಗೆ ಮುತ್ತುತ್ತಾರೆ. ‘ಹೇಗಿತ್ತು ಸರ್? ಹೆದರಿಕೆಯಾಯಿತಾ ಸರ್?’ ಒಬ್ಬರು ಮಧ್ಯಂತರದವರೆಗೆ ಉಸಿರೇ ಆಡಲಿಲ್ಲವೆಂದು ಹೇಳಿದರು. ಒಂದು ಗಂಟೆ ಹತ್ತು ನಿಮಿಷ ಉಸಿರು ಹಿಡಿದವರನ್ನು ಹಠಯೋಗದವರು ಬಂದು ಕರೆದುಕೊಂಡು ಹೋಗಬೇಕಿತ್ತು, ಯಾರೂ ಬರಲಿಲ್ಲ. ಇನ್ನೊಬ್ಬ ಯುವಕ, ‘ಹೆದರಿಕೆಯಾ? ನನಗೆ ನಗು ಬಂತು’ ಎಂದ. ಹಾಗೆನ್ನುವಾಗ ಗೆಳೆಯನ ತೋಳನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಮೂರ್ಛೆ ಹೋದವನ ವಿಡಿಯೊವನ್ನು ನೀವೂ ನೋಡಿರುತ್ತೀರಿ. ಅವನು ಬೀಳುವುದಕ್ಕೆ ಮೊದಲೇ ಕ್ಯಾಮೆರಾ ಅವನ ಮೇಲಿತ್ತು ಎಂಬುದನ್ನು ಗಮನಿಸಿದಿರೋ ಇಲ್ಲವೋ. ನನ್ನ ಅನುಭವದಲ್ಲಿ ಮೂರ್ಛೆ ಹೋಗುವವರು ಮೊಬೈಲನ್ನು ಜೇಬಿಗೆ ಹಾಕಿಕೊಂಡು, ನೆಲ ಸ್ವಚ್ಛವಾಗಿದೆಯೇ ಎಂದು ಒಮ್ಮೆ ನೋಡಿಕೊಂಡು ಬೀಳುವುದಿಲ್ಲ.

ಇದನ್ನೆಲ್ಲ ಹೊಸ ತಂತ್ರವೆಂದು ಹೊಗಳುತ್ತಿರುವವರಿಗೆ ಒಂದು ಹಳೆಯ ಸುದ್ದಿ. ಅಮೆರಿಕದಲ್ಲಿ ವಿಲಿಯಂ ಕ್ಯಾಸಲ್ ಎಂಬ ನಿರ್ದೇಶಕನೊಬ್ಬ 1958ರಲ್ಲಿ ‘ಮಕಾಬರ್’ ಚಿತ್ರ ಬಿಡುಗಡೆ ಮಾಡುವಾಗ, ನೋಡುತ್ತಾ ಭಯದಿಂದ ಸತ್ತವರಿಗೆ ಒಂದು ಸಾವಿರ ಡಾಲರ್ ವಿಮೆ ಎಂದು ಘೋಷಿಸಿದ್ದ. ಟಾಕೀಸಿನ ಒಳಗೆ ದಾದಿಯರು, ಹೊರಗೆ ಹೆಣ ಸಾಗಿಸುವ ಗಾಡಿ. ಮರುವರ್ಷ ‘ದಿ ಟಿಂಗ್ಲರ್’ ಬಂದಾಗ ಕೆಲವು ಕುರ್ಚಿಗಳ ಕೆಳಗೆ ಕಂಪಿಸುವ ಮೋಟಾರು ಕೂರಿಸಿ, ಸರಿಯಾದ ಹೊತ್ತಿಗೆ ಗುಂಡಿ ಒತ್ತಿಸಿದ. ಚಿತ್ರ ಹೆದರಿಸದಿದ್ದರೆ ಕುರ್ಚಿಯಾದರೂ ಹೆದರಿಸಲಿ ಎಂಬ ದೂರದೃಷ್ಟಿ. ನಮ್ಮ ಊರಿನ ಕೆಲವು ಹಳೆಯ ಟಾಕೀಸುಗಳ ಕುರ್ಚಿಗಳಿಗೆ ಆ ಮೋಟಾರೂ ಬೇಕಾಗಿರಲಿಲ್ಲ. ತಿಗಣೆಗಳು ಅದೇ ಕೆಲಸವನ್ನು ವಿದ್ಯುತ್ ಇಲ್ಲದೆ ಮಾಡುತ್ತಿದ್ದವು.

ನಮ್ಮವರೂ ಹಿಂದೆ ಬಿದ್ದವರಲ್ಲ. 2008ರಲ್ಲಿ ರಾಮ್ ಗೋಪಾಲ್ ವರ್ಮಾ ‘ಫೂಂಕ್’ ಚಿತ್ರವನ್ನು ಟಾಕೀಸಿನಲ್ಲಿ ಒಬ್ಬರೇ ಕೂತು ನೋಡಿದವರಿಗೆ ಐದು ಲಕ್ಷ ರೂಪಾಯಿ ಎಂದಿದ್ದರು. ಇಂದು ಆ ಸ್ಪರ್ಧೆ ನಡೆಸಿದರೆ ನಿರ್ಮಾಪಕ ದಿವಾಳಿಯಾಗುತ್ತಾನೆ. ಮಂಗಳವಾರದ ಮಧ್ಯಾಹ್ನದ ಆಟಕ್ಕೆ ಹೋದವರೆಲ್ಲರೂ ಬಹುಮಾನಿತರೇ.

ಒಳಗೆ ಏನಾಗುತ್ತದೆ ಎಂದರೆ, ಸದ್ದಾಗುತ್ತದೆ. ಬಾಗಿಲು ತೆರೆದರೆ ಢಂ. ಬೆಕ್ಕು ಹಾರಿದರೆ ಢಂ. ನಾಯಕಿ ತಿರುಗಿ ನೋಡಿದರೆ, ಅಲ್ಲಿ ಅವಳ ಅತ್ತೆ ಕಾಫಿ ಹಿಡಿದು ನಿಂತಿದ್ದರೂ ಢಂ. ಕಿವಿಯ ಬಳಿ ದೊಡ್ಡ ಸದ್ದಾದರೆ ಸೆಕೆಂಡಿನ ಹತ್ತನೇ ಒಂದು ಭಾಗ ಕಳೆಯುವ ಮೊದಲೇ ರೆಪ್ಪೆ ಮುಚ್ಚಿಕೊಳ್ಳುತ್ತದೆ, ಭುಜ ಮೇಲೇರುತ್ತದೆ. ಅದಕ್ಕೆ ದೆವ್ವ ಬೇಕಿಲ್ಲ, ಕಥೆ ಬೇಕಿಲ್ಲ, ನಟನೆಯಂತೂ ಬೇಕೇ ಇಲ್ಲ. ಲಾರಿಯ ಹಾರ್ನ್ ಸಾಕು, ಅದು ಹೆದ್ದಾರಿಯಲ್ಲಿ ಉಚಿತವಾಗಿ ಸಿಗುತ್ತದೆ. ಬೆಚ್ಚಿಬೀಳುವುದಕ್ಕೂ ಹೆದರುವುದಕ್ಕೂ ಇರುವ ಅಂತರ ಚಿತ್ರ ತೆಗೆಯುವವರಿಗೆ ತಿಳಿಯದೆ ಇಲ್ಲ. ಬೆಚ್ಚಿಬೀಳಿಸುವುದು ಅಗ್ಗ, ಅಷ್ಟೆ.

ಈ ಉಪಾಯಕ್ಕೂ ಒಬ್ಬ ಮೂಲಪುರುಷನಿದ್ದಾನೆ. 1942ರ ‘ಕ್ಯಾಟ್ ಪೀಪಲ್’ ಚಿತ್ರದಲ್ಲಿ ಒಬ್ಬಳು ಹೆಂಗಸು ರಾತ್ರಿ ಒಂಟಿಯಾಗಿ ನಡೆದು ಬರುತ್ತಾಳೆ. ಹಿಂದೆ ಹೆಜ್ಜೆ ಸಪ್ಪಳ. ಸ್ವಲ್ಪ ಹೊತ್ತಿಗೆ ಆ ಸಪ್ಪಳವೂ ನಿಲ್ಲುತ್ತದೆ. ಅವಳ ಜೊತೆ ನಾವೂ ಆಲಿಸುತ್ತೇವೆ. ಆಗ ಬುಸ್ಸೆಂದು ಒಂದು ಸದ್ದು, ಪಕ್ಕದಲ್ಲಿ ಸಿಟಿ ಬಸ್ಸು ಬಂದು ನಿಂತಿರುತ್ತದೆ. ನಿರ್ಮಾಪಕ ವಾಲ್ ಲ್ಯೂಟನ್ ಬಳಿ ದುಡ್ಡು ಕಡಿಮೆಯಿತ್ತು, ಆದ್ದರಿಂದ ಕಥೆಯಲ್ಲಿ ಬೆನ್ನಟ್ಟುವ ಕರಿ ಚಿರತೆಯನ್ನು ಆದಷ್ಟು ನೆರಳಿನಲ್ಲೇ ಬಿಟ್ಟರು. ಹೆದರಿಸುವ ಕೆಲಸವನ್ನೆಲ್ಲ ಬಸ್ಸಿಗಿಂತ ಮೊದಲಿನ ಆ ನಿಶ್ಶಬ್ದ ಮಾಡಿತು. ಇಂದಿನವರು ಆ ಪಾಠದಿಂದ ಬಸ್ಸನ್ನು ಮಾತ್ರ ಕಲಿತರು. ಎರಡು ಗಂಟೆಯ ಚಿತ್ರದಲ್ಲಿ ಬಸ್ಸಿನ ಮೇಲೆ ಬಸ್ಸು, ಪ್ರಯಾಣಿಕರೇ ಇಲ್ಲ.

ಇದು ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು. ಕಂಪನಿ ನಾಟಕದಲ್ಲಿ ಗುಡುಗು ಬೇಕಾದರೆ ಪರದೆಯ ಹಿಂದೆ ಒಬ್ಬ ತಗಡಿನ ಹಾಳೆ ಹಿಡಿದು ಅಲ್ಲಾಡಿಸುತ್ತಿದ್ದ. ಅದು ತಗಡೆಂದು ನೆಲದ ಮೇಲೆ ಕೂತವನಿಗೂ ಗೊತ್ತಿತ್ತು. ಆದರೂ ಆ ತಗಡಿನವನು ಇಡೀ ನಾಟಕದಲ್ಲಿ ಮೂರೋ ನಾಲ್ಕೋ ಸಲ ಅಲ್ಲಾಡಿಸಿ, ಉಳಿದ ಹೊತ್ತು ಬೀಡಿ ಸೇದುತ್ತಾ ಕೂರುತ್ತಿದ್ದ. ಆ ಬೀಡಿಯ ಬೆಲೆ ಈಗ ತಿಳಿಯುತ್ತಿದೆ. ನಮ್ಮ ಹೊಸ ಸಂಗೀತ ನಿರ್ದೇಶಕರಿಗೆ ಯಾರಾದರೂ ಒಂದು ಕಟ್ಟು ಕೊಡಿಸಬಾರದೇ?

ನಿಜವಾದ ಭಯದ ಕಥೆ ಬೇಕಾದವರು ಹೆದ್ದಾರಿ ಹಿಡಿದು ಒಂದು ಗಂಟೆ ಹೋದರೆ ಚಿತ್ರದುರ್ಗ. ಕೋಟೆಯೊಳಗೆ ಒನಕೆ ಓಬವ್ವನ ಕಿಂಡಿ ಇದೆ. ಶಾಲೆಯ ಮಕ್ಕಳು ಪ್ರವಾಸಕ್ಕೆ ಬಂದು ಅದರೊಳಗೆ ತೂರಿ ಫೋಟೊ ತೆಗೆಸಿಕೊಳ್ಳುತ್ತಾರೆ. ಓಬವ್ವನ ಶೌರ್ಯದ ಕಥೆಯನ್ನು ನಾವೆಲ್ಲರೂ ಓಬವ್ವನ ಕಡೆಯಿಂದಲೇ ಕೇಳಿ ಬೆಳೆದವರು. ಒಮ್ಮೆ ಹೈದರನ ಸೈನಿಕನ ಕಡೆಯಿಂದ ಕೇಳಿ ನೋಡಿ. ನೀನು ಸಾಲಿನಲ್ಲಿ ಏಳನೆಯವನು. ಮೊದಲನೆಯವನು ಕಿಂಡಿಯೊಳಗೆ ತೆವಳಿದ. ಸದ್ದಿಲ್ಲ. ಸರಿ, ದಾಟಿದನೆಂದು ಎರಡನೆಯವನು ತೆವಳಿದ. ಸದ್ದಿಲ್ಲ. ಆಚೆಯಿಂದ ಯಾರೂ ಕೂಗುವುದಿಲ್ಲ, ಕೂಗಬಾರದೆಂಬ ಆಜ್ಞೆಯೂ ಇದೆ, ಆದ್ದರಿಂದ ಎಲ್ಲವೂ ಸರಿಯಾಗಿದೆ ಎಂದೇ ಅರ್ಥ. ಆರನೆಯವನ ಕಾಲು ಕತ್ತಲೊಳಗೆ ಜಾರಿ ಹೋಯಿತು, ಸ್ವಲ್ಪ ಬೇಗನೆ ಹೋದಂತೆ ಅನ್ನಿಸಿತು. ಈಗ ನಿನ್ನ ಸರದಿ. ಅತ್ತ ಕಡೆ ಅವಳು ಹೆಣವನ್ನು ಬದಿಗೆಳೆದು, ಸೆರಗು ಬಿಗಿದು, ಒನಕೆ ಎತ್ತಿ ನಿಂತಿದ್ದಾಳೆ.

ಒಂದು ಢಂ ಇಲ್ಲ, ಬೆಕ್ಕಿಲ್ಲ, ಕೂದಲು ಬಿಟ್ಟುಕೊಂಡವರೂ ಇಲ್ಲ. ಊಟಕ್ಕೆ ಕೂತ ಕಾವಲುಗಾರ ಗಂಡನಿಗೆ ನೀರು ತರಲು ಹೊರಟ ಗೃಹಿಣಿ ಅವಳು. ಇದನ್ನು ಈಗಿನವರ ಕೈಗೆ ಕೊಟ್ಟರೆ ಏನು ಮಾಡುತ್ತಾರೆಂದು ನನಗೆ ಗೊತ್ತು. ಪ್ರತಿ ಏಟಿಗೂ ಆರು ಕೋನದಿಂದ ನಿಧಾನಗತಿ, ಕೊನೆಯಲ್ಲಿ ಹೈದರನ ಸೈನಿಕರೆಲ್ಲ ದೆವ್ವಗಳಾಗಿ ಎದ್ದು ಬಂದು ಎರಡನೇ ಭಾಗಕ್ಕೆ ದಾರಿ.

ದೆವ್ವವೆಂದರೆ ನೆನಪಾಯಿತು, ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ರಾತ್ರಿ ಪರಿಚಿತರ ದನಿಯಲ್ಲಿ ಹೆಸರು ಹಿಡಿದು ಕರೆಯುವ ದೆವ್ವ, ಬಾಗಿಲ ಬರಹ ಓದಿ ಹಿಂದಿರುಗುತ್ತಿತ್ತು. ಮರುದಿನ ಬಂದು ಮತ್ತೆ ಓದುತ್ತಿತ್ತು, ಮತ್ತೆ ಹಿಂದಿರುಗುತ್ತಿತ್ತು. ಕನ್ನಡ ಓದಲು ಬಲ್ಲ, ಬರೆದದ್ದನ್ನು ನಂಬುವ, ಜಗಳ ತೆಗೆಯದ ಅಂಥ ಸಭ್ಯ ಜೀವವನ್ನು ಆಮೇಲೆ ನಾನು ಕಂಡಿಲ್ಲ. ಅದರ ಮುಖವನ್ನೂ ಯಾರೂ ಕಂಡಿರಲಿಲ್ಲ. ಆದ್ದರಿಂದಲೇ ಕದ ತಟ್ಟಿದರೆ ಮಕ್ಕಳಿರಲಿ, ಮೀಸೆ ಹೊತ್ತ ಗಂಡಸರೂ ಒಂದನೇ ಕರೆಗೆ ಓಗೊಡುತ್ತಿರಲಿಲ್ಲ. ಈ ಚಿತ್ರದ ದೆವ್ವವೋ ಹತ್ತನೇ ನಿಮಿಷಕ್ಕೇ ಬಂದು ನಿಂತು ಹಲ್ಲು, ಉಗುರು, ಕುತ್ತಿಗೆಯ ಗಾಯ ಎಲ್ಲವನ್ನೂ ತೋರಿಸಿಬಿಡುತ್ತದೆ. ಮಧ್ಯಂತರದ ಹೊತ್ತಿಗೆ ಅದು ನಮಗೆ ನೆಂಟರ ಪೈಕಿ.

ಪ್ರೇಕ್ಷಕರನ್ನೂ ಸ್ವಲ್ಪ ಹೊಗಳಬೇಕು. ಕತ್ತಲಿನಲ್ಲಿ ಒಂಟಿಯಾಗಿ ಬಿಟ್ಟಾಗ ಮಾತ್ರ ಹೆದರಿಕೆ ಹತ್ತಿರ ಬರುತ್ತದೆ. ನಮ್ಮವರು ಆ ಎರಡಕ್ಕೂ ಅವಕಾಶ ಕೊಡುವುದಿಲ್ಲ. ಪರದೆ ಕಪ್ಪಾದೊಡನೆ ನೂರು ಮೊಬೈಲುಗಳು ಬೆಳಗುತ್ತವೆ. ನಾಯಕಿ ಮೆಟ್ಟಿಲಿಳಿಯುವಾಗ ಬಾಲ್ಕನಿಯಿಂದ ಒಬ್ಬ ‘ಹಿಂದೆ ಇದ್ದಾಳೆ, ನೋಡಮ್ಮಾ’ ಎಂದು ಎಚ್ಚರಿಸುತ್ತಾನೆ. ಪಕ್ಕದವರು ಖಾರ ಮಂಡಕ್ಕಿಯ ಪೊಟ್ಟಣ ಬಿಚ್ಚುತ್ತಾರೆ. ಆ ಕಾಗದದ ಸರಪರದ ಮುಂದೆ ಯಾವ ಪ್ರೇತದ ಪಿಸುಮಾತು ಬಾಳುತ್ತದೆ? ಇದು ಒಂದು ರೀತಿಯ ಸಾಮೂಹಿಕ ಆತ್ಮರಕ್ಷಣೆ, ನನಗೆ ಅದರ ಮೇಲೆ ಸಿಟ್ಟಿಲ್ಲ. ಮಿರ್ಚಿ ತಿನ್ನುವವನನ್ನು ಹೆದರಿಸುವುದು ಯಾವ ನಿರ್ದೇಶಕನಿಗೂ ಕಷ್ಟ.

ಸಿಟ್ಟಿರುವುದು ಇನ್ನೊಂದು ವಿಡಿಯೊದ ಮೇಲೆ. ಅದನ್ನೂ ನೀವು ನೋಡಿದ್ದೀರಿ, ನೋಡಿ ನಕ್ಕು ಮುಂದಕ್ಕೂ ಕಳಿಸಿದ್ದೀರಿ, ನನಗೇ ನಾಲ್ಕು ಕಡೆಯಿಂದ ಬಂತು. ಟಾಕೀಸಿನ ಕತ್ತಲಲ್ಲಿ ನಾಲ್ಕು ವರ್ಷದ ಮಗು ಅಪ್ಪನ ಮಡಿಲಲ್ಲಿ ಕೂತಿದೆ. ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು, ಬಾಯಿ ತೆರೆದು ಅಳುತ್ತಿದೆ. ಸದ್ದಿನಲ್ಲಿ ಅಳು ಕೇಳಿಸುವುದಿಲ್ಲ. ಅಪ್ಪ ಅದರ ಮುಖಕ್ಕೆ ಮೊಬೈಲಿನ ಬೆಳಕು ಹಿಡಿದು ಚಿತ್ರೀಕರಿಸುತ್ತಿದ್ದಾನೆ. ‘ಮನೆಗೆ ಹೋಗೋಣ’ ಎಂದು ಅದು ಹೇಳುತ್ತಿರುವುದು ತುಟಿಯಿಂದ ತಿಳಿಯುತ್ತದೆ. ಅವನು ಕೈಯಿಂದ ಅದರ ಗಲ್ಲ ಹಿಡಿದು ಪರದೆಯ ಕಡೆಗೆ ತಿರುಗಿಸುತ್ತಾನೆ. ಕೆಳಗೆ ನಗುವ ಚಿಹ್ನೆಗಳ ಸಾಲು.

ಆ ಚಿತ್ರಕ್ಕೆ ಸಿಕ್ಕಿರುವುದು ‘ಎ’ ಪ್ರಮಾಣಪತ್ರ. ಹದಿನೆಂಟು ತುಂಬದವರನ್ನು ಒಳಗೆ ಬಿಡುವ ಹಾಗಿಲ್ಲ. 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ವಯಸ್ಕರ ಚಿತ್ರವನ್ನು ವಯಸ್ಕರಲ್ಲದವರಿಗೆ ತೋರಿಸಿದರೆ ದಂಡ. ಈಚೆಗೆ, ಮಕ್ಕಳು ಹಿರಿಯರ ಮಾರ್ಗದರ್ಶನದಲ್ಲಿ ನೋಡಬಹುದಾದ ಚಿತ್ರಗಳ ಯುಎ ಪ್ರಮಾಣಪತ್ರವನ್ನೂ ಏಳು, ಹದಿಮೂರು, ಹದಿನಾರು ಎಂದು ವಯಸ್ಸಿನ ಲೆಕ್ಕದಲ್ಲಿ ಒಡೆದು ಇಟ್ಟಿದ್ದಾರೆ. ಯಾರಿಗಾಗಿ ಇದೆಲ್ಲ? ಗೇಟಿನಲ್ಲಿ ನೀರಿನ ಬಾಟಲಿ ಕಿತ್ತುಕೊಳ್ಳಲು ಜನರಿದ್ದಾರೆ. ಚೀಲದಲ್ಲಿರುವ ಚಕ್ಕುಲಿಯನ್ನು ಹುಡುಕಿ ತೆಗೆಯಲು ಜನರಿದ್ದಾರೆ. ತೋಳಿನ ಮೇಲೆ ಕೂತು, ಹೊಸ ಅಂಗಿ ತೊಟ್ಟು, ಎಲ್ಲರಿಗೂ ಕೈ ಬೀಸುತ್ತಾ ಒಳಗೆ ಹೋಗುವ ಮಗು ಮಾತ್ರ ಒಬ್ಬರ ಕಣ್ಣಿಗೂ ಬೀಳುವುದಿಲ್ಲ. ದೊಡ್ಡವರಿಗೆ ಭಯ ಎನ್ನುವುದು ದುಡ್ಡು ಕೊಟ್ಟು ಕೊಂಡ ಆಟ, ಬೇಡವಾದರೆ ಎದ್ದು ಹೋಗಬಹುದು. ಆ ಮಗು ಎದ್ದು ಹೋಗಲಾರದು. ಪರದೆಯ ಮೇಲಿರುವುದು ಬಣ್ಣ ಹಚ್ಚಿದ ನಟಿ ಎಂದು ಅದಕ್ಕೆ ಯಾರೂ ಹೇಳಿಲ್ಲ. ಇಡೀ ಟಾಕೀಸಿನಲ್ಲಿ ನಿಜವಾಗಿ ಹೆದರಿದ್ದು ಅದೊಂದೇ. ಹೊರಗೆ ನಿಂತ ಆಂಬುಲೆನ್ಸಿನವರಿಗೆ ಅದರ ಸುದ್ದಿ ತಲುಪಲಿಲ್ಲ, ಮೈಕಿನವರು ಅದನ್ನು ‘ಹೇಗಿತ್ತು’ ಎಂದು ಕೇಳಲಿಲ್ಲ. ಎಷ್ಟು ರಾತ್ರಿ ದೀಪ ಆರಿಸಲು ಬಿಡುವುದಿಲ್ಲವೋ, ಅದರ ತಾಯಿಯನ್ನು ಕೇಳಬೇಕು.

ಇದನ್ನು ಬರೆದು ಏನಾಗುತ್ತದೆ ಎಂದು ನನಗೂ ಗೊತ್ತಿದೆ. ಏನೂ ಆಗುವುದಿಲ್ಲ. ಟಾಕೀಸಿನ ಗೇಟಿನವನನ್ನು ಕೇಳಿದೆ. ಒಳ್ಳೆಯ ಮನುಷ್ಯ, ಬೇಸರ ಮಾಡಿಕೊಳ್ಳದೆ ಉತ್ತರಿಸಿದ: ‘ಸ್ವಾಮಿ, ಮಕ್ಕಳನ್ನು ಬಿಡದಿದ್ದರೆ ಅಪ್ಪ ಅಮ್ಮನೂ ಬರುವುದಿಲ್ಲ. ಮೂರು ಟಿಕೆಟ್ ಹೋಗುತ್ತದೆ. ಮಾಲೀಕರಿಗೆ ನಾನು ಏನು ಹೇಳಲಿ?’

ಎರಡನೇ ವಾರಕ್ಕೆ ಜನ ಕಡಿಮೆಯಾದರು. ಕಂಬದ ಮೇಲಿನ ಹೆಂಗಸು ಹಾಗೆಯೇ ಇದ್ದಾಳೆ, ‘ದುರ್ಬಲ ಹೃದಯದವರು’ ಎಂಬ ಸಾಲಿನ ಮೇಲೆ ಮಾತ್ರ ಹೊಸ ಪಟ್ಟಿ ಅಂಟಿದೆ: ‘ಸಕುಟುಂಬ ಸಪರಿವಾರ ಸಮೇತ ಬಂದು ನೋಡಿ, ಹೆದರಿ, ಆನಂದಿಸಿ.’ ನಾಲ್ಕು ಟಿಕೆಟ್ ಕೊಂಡವರಿಗೆ ಒಂದು ಪಾಪ್‌ಕಾರ್ನ್ ಉಚಿತ. ಮಡಿಲಲ್ಲಿ ಕೂರುವವರಿಗೆ ಟಿಕೆಟ್ ಬೇಡವಂತೆ.